ಹಳೆಯ ಹಾಯಿದೋಣಿಯ ಕಿಟಕಿ ಬದಲಿಸುವುದು, ಮತ್ತೆ ಸೀಲ್ ಮಾಡುವುದು: ಮೈಸೂರಿನ ಕಲಿಕಾ ಬಳಗಕ್ಕೆ ಅಧ್ಯಯನ ಟಿಪ್ಪಣಿ

ಕ್ಯಾಬಿನ್ ಕಿಟಕಿ ಸೋರಿದ ಕೂಡಲೇ ಎಲ್ಲರೂ ದೂರುವುದು ಸೀಲೆಂಟನ್ನು, ಅಂದರೆ ಸಂದು ಮುಚ್ಚುವ ಅಂಟನ್ನು. ಬಹಳಷ್ಟು ಸಲ ತಪ್ಪು ಅದರದ್ದಲ್ಲ. ಕಿಟಕಿಯ ಪ್ಲಾಸ್ಟಿಕ್ ಹಾಳೆ ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಹಾಗೆ ಓಡಾಡಲು ಅದಕ್ಕೆ ಜಾಗ ಬಿಡದೆ ಕೂರಿಸಿದ್ದರೆ ಎಂಥ ದುಬಾರಿ ಸೀಲೆಂಟ್ ಹಾಕಿದ್ದರೂ ಅದು ಕಿತ್ತುಹೋಗುತ್ತದೆ. ಆ ಜಾಗವನ್ನು ಎಲ್ಲಿ, ಎಷ್ಟು ಬಿಡಬೇಕು ಎಂಬುದೇ ಈ ಪಾಠದ ತಿರುಳು.

ಕನ್ನಂಬಾಡಿ ಹಿನ್ನೀರಿನಲ್ಲಿ ಡಿಂಗಿ ಓಡಿಸಿ ಕಲಿತವರಿಗೆ ಕಿಟಕಿಯ ತಲೆನೋವು ಗೊತ್ತಿರುವುದಿಲ್ಲ, ಡಿಂಗಿಗೆ ಕ್ಯಾಬಿನ್ನೇ ಇಲ್ಲ. ಕ್ಯಾಬಿನ್ ಇರುವ 25–30 ಅಡಿಯ ಹಳೆ ಫೈಬರ್‌ಗ್ಲಾಸ್ ದೋಣಿಗೆ ಕೈಹಾಕಿದಾಗ ಅದು ಎದುರಾಗುತ್ತದೆ. ಅಂಥ ದೋಣಿ ಸಾಮಾನ್ಯವಾಗಿ ಕರಾವಳಿಯಲ್ಲಿರುತ್ತದೆ. ಹಾಗಾಗಿ ಅಳತೆ ಅಲ್ಲಿ ತೆಗೆದು, ಹಾಳೆಯನ್ನು ಮೈಸೂರಿನಲ್ಲಿ ಕತ್ತರಿಸಿ ಸಿದ್ಧಮಾಡಿ, ಘಟ್ಟ ಇಳಿಸಿ ಕೂರಿಸುವ ಕ್ರಮವನ್ನು ಇಟ್ಟುಕೊಂಡು ಬರೆದಿದ್ದೇವೆ.

ಬಿಚ್ಚುವ ಮೊದಲು

ಸೋರುತ್ತಿರುವುದು ಕಿಟಕಿಯೇ ಎಂದು ಖಚಿತಪಡಿಸಿಕೊಳ್ಳಿ. ಡೆಕ್ಕಿನ (ದೋಣಿಯ ಮೇಲ್ಗಡೆಯ ನೆಲ) ಮೇಲಿನ ಕೈಹಿಡಿ ಕಂಬಿಯ ಸ್ಕ್ರೂ ರಂಧ್ರದಿಂದ ಇಳಿದ ನೀರು ಒಳಗೋಡೆಯ ಹೊದಿಕೆಯಾದ ಲೈನರ್ ಹಿಂದೆ ಹರಿದು ಕಿಟಕಿಯ ಕೆಳಮೂಲೆಯಲ್ಲಿ ಹೊರಬೀಳುವುದು ತೀರ ಸಾಮಾನ್ಯ. ಒಬ್ಬರು ಒಳಗೆ ಕೂತು ಕಿಟಕಿಯ ಸುತ್ತ ಟಿಶ್ಯೂ ಕಾಗದ ಒತ್ತಿಡಲಿ. ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ: ಮೊದಲು ಕೆಳ ಅಂಚಿಗೆ ಐದು ನಿಮಿಷ, ಆಮೇಲೆ ಪಕ್ಕಗಳಿಗೆ, ಆಮೇಲೆ ಮೇಲಂಚಿಗೆ, ಕೊನೆಗೆ ಡೆಕ್ಕಿಗೆ. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲ ಕಡೆಗೂ ಇಳಿದು ಏನೂ ತಿಳಿಯುವುದಿಲ್ಲ.

ಕಿಟಕಿಯ ಸುತ್ತಲಿನ ಗೋಡೆಯನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಬನ್ನಿ. ಟಣ್ ಎಂಬ ಸದ್ದು ಬಂದರೆ ಗೋಡೆ ಗಟ್ಟಿ. ಮಂಕಾದ ಸದ್ದು ಬಂದರೆ ಫೈಬರ್‌ಗ್ಲಾಸ್ ಎರಡು ಪದರಗಳ ನಡುವಿನ ಬಾಲ್ಸಾ (ಹಗುರವಾದ ಮರ) ಅಥವಾ ಪ್ಲೈವುಡ್ ನೀರು ಕುಡಿದಿರುವ ಸಾಧ್ಯತೆ ಹೆಚ್ಚು. ಆಗ ಕೆಲಸ ಕಿಟಕಿಯಷ್ಟಕ್ಕೆ ನಿಲ್ಲುವುದಿಲ್ಲ.

ಬಿಚ್ಚುವುದು

ಹಳೆ ದೋಣಿಗಳಲ್ಲಿ ಎರಡು ಬಗೆ ಹೆಚ್ಚು. ಒಂದರಲ್ಲಿ ಒಳಗೊಂದು, ಹೊರಗೊಂದು ಅಲ್ಯೂಮಿನಿಯಂ ಫ್ರೇಮು ಗೋಡೆಯನ್ನು ಅಪ್ಪಿ ಹಿಡಿದಿರುತ್ತವೆ. ಇನ್ನೊಂದರಲ್ಲಿ ಫ್ರೇಮೇ ಇಲ್ಲ, ಆಕ್ರಿಲಿಕ್ (ಗಾಜಿನಂಥ ಪಾರದರ್ಶಕ ಪ್ಲಾಸ್ಟಿಕ್) ಹಾಳೆಯನ್ನು ಹೊರಗಿನಿಂದ ನೇರವಾಗಿ ಅಂಟಿಸಿಯೋ ಬೋಲ್ಟು ಹಾಕಿಯೋ ಕೂರಿಸಿರುತ್ತಾರೆ.

ಅಲ್ಯೂಮಿನಿಯಂ ಫ್ರೇಮಿಗೆ ಸ್ಟೇನ್‌ಲೆಸ್ ಸ್ಕ್ರೂ ಹಾಕಿದ್ದರೆ ಉಪ್ಪುನೀರಿನಲ್ಲಿ ಎರಡು ಲೋಹಗಳ ನಡುವೆ ವಿದ್ಯುತ್ ರಾಸಾಯನಿಕ ಕ್ರಿಯೆ ನಡೆದು ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸ್ಕ್ರೂವನ್ನು ಕಚ್ಚಿಕೊಂಡಿರುತ್ತದೆ. ಬಲ ಹಾಕಿದರೆ ತಲೆ ತುಂಡಾಗುತ್ತದೆ. ಹಿಂದಿನ ರಾತ್ರಿಯೇ ಪೆನಿಟ್ರೇಟಿಂಗ್ ಆಯಿಲ್ ಬಿಡಿ. ಬೆಳಿಗ್ಗೆ ಬಿಸಿಯಾದ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಸ್ಕ್ರೂ ತಲೆಗೆ ಒಂದೆರಡು ನಿಮಿಷ ಒತ್ತಿಹಿಡಿದು ಬಿಸಿಮಾಡಿ, ಮೊದಲು ಸ್ವಲ್ಪ ಬಿಗಿಸುವ ಕಡೆಗೆ ತಿರುಗಿಸಿ, ಆಮೇಲೆ ಬಿಚ್ಚಿ. ಫ್ರೇಮನ್ನು ಸ್ಕ್ರೂಡ್ರೈವರಿನಿಂದ ಮೀಟಬೇಡಿ. ಒಮ್ಮೆ ಬಾಗಿದ ಫ್ರೇಮು ಮತ್ತೆ ಸಮತಟ್ಟಾಗುವುದು ಕಷ್ಟ. ಅಗಲವಾದ ತೆಳು ಪುಟ್ಟಿ ಬ್ಲೇಡನ್ನು ಸುತ್ತಲೂ ಸ್ವಲ್ಪಸ್ವಲ್ಪವೇ ಇಳಿಸುತ್ತ ಹೋಗಿ. ಅಂಟಿಸಿದ ಹಾಳೆಯಾದರೆ ಗಿಟಾರಿನ ತೆಳು ತಂತಿಗೆ ಎರಡು ಕಡೆ ಮರದ ಹಿಡಿ ಕಟ್ಟಿ ಗರಗಸದಂತೆ ಎಳೆದರೆ ಸೀಲೆಂಟ್ ಕತ್ತರಿಸುತ್ತದೆ.

ಪ್ರತಿ ಫ್ರೇಮಿನ ಮೇಲೂ ಎಡ–ಬಲ, ಮುಂದು–ಹಿಂದು, ಮೇಲಂಚು ಯಾವುದು ಎಂದು ಬರೆದಿಡಿ. ನೋಡಲು ಒಂದೇ ಥರ ಇರುವ ಎರಡು ಕಿಟಕಿಗಳು ಮೂರ್ನಾಲ್ಕು ಮಿಲಿಮೀಟರ್ ಬೇರೆಯಾಗಿರುತ್ತವೆ.

ತೆರೆದ ಅಂಚಿನ ಚಿಕಿತ್ಸೆ

ಇದನ್ನು ಬಿಟ್ಟವರು ಎರಡು ಮಳೆಗಾಲದಲ್ಲಿ ಮತ್ತೆ ಇದೇ ಕೆಲಸಕ್ಕೆ ಬರುತ್ತಾರೆ. ಗೋಡೆಯ ತೆರೆದ ಅಂಚಿನಲ್ಲಿ ಬಾಲ್ಸಾ ಅಥವಾ ಪ್ಲೈವುಡ್ ಕಾಣುತ್ತಿದ್ದರೆ, ಮೆತ್ತಗಾದುದನ್ನೆಲ್ಲ ಕೆರೆದು ತೆಗೆಯಿರಿ. ಗಟ್ಟಿ ಇದ್ದರೂ ಸುತ್ತಲೂ 10–12 ಮಿ.ಮೀ. ಆಳ ಕೊರೆಯಿರಿ. ಚೆನ್ನಾಗಿ ಒಣಗಿಸಿ. ಮೊದಲು ತೆಳುವಾದ ಎಪಾಕ್ಸಿಯನ್ನು (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ಬ್ರಷ್ಷಿನಿಂದ ಕುಡಿಸಿ. ಅದು ಇನ್ನೂ ಅಂಟಂಟಾಗಿರುವಾಗಲೇ ಕೊಲಾಯ್ಡಲ್ ಸಿಲಿಕಾ ಎಂಬ ಪುಡಿ ಬೆರೆಸಿ ಮಂದ ಮಾಡಿದ ಎಪಾಕ್ಸಿ ತುಂಬಿ ಅಂಚಿಗೆ ಸಮ ಮಾಡಿ. ತೇವದ ಹವೆಯಲ್ಲಿ ಎಪಾಕ್ಸಿ ಗಟ್ಟಿಯಾಗುವಾಗ ಮೇಲೆ ಮೇಣದಂಥ ಪೊರೆ ಬರುತ್ತದೆ. ಅದನ್ನು ನೀರು ಮತ್ತು ಪಾತ್ರೆ ಉಜ್ಜುವ ನಾರಿನಿಂದ ತೊಳೆದೇ ಮುಂದೆ ಹೋಗಬೇಕು, ಆ ಪೊರೆಯ ಮೇಲೆ ಸೀಲೆಂಟ್ ನಿಲ್ಲುವುದಿಲ್ಲ.

ಹಿಂದೆ ಯಾರಾದರೂ ಸಿಲಿಕೋನ್ ಬಳಿದಿದ್ದರೆ ಅದರ ಉಳಿಕೆ ಇನ್ನೂ ದೊಡ್ಡ ಶತ್ರು. ಸಿಲಿಕೋನಿನ ಮೇಲೆ ಬೇರೆ ಯಾವ ಸೀಲೆಂಟೂ, ಬಣ್ಣವೂ ಹಿಡಿಯುವುದಿಲ್ಲ. ಬ್ಲೇಡಿನಿಂದ ಕೆರೆದು, ಸಿಲಿಕೋನ್ ರಿಮೂವರ್ ಹಚ್ಚಿ ಒರೆಸಿ, ಆಮೇಲಷ್ಟೇ 180 ನಂಬರಿನ ಮರಳುಕಾಗದ ಹಿಡಿಯಿರಿ. ಮೊದಲೇ ಉಜ್ಜಿದರೆ ಸಿಲಿಕೋನ್ ಗೀರುಗಳೊಳಗೆ ಇಳಿಯುತ್ತದೆ. ನೀರು ಚಿಮುಕಿಸಿ ನೋಡಿ: ಹನಿಹನಿಯಾಗಿ ಸರಿದರೆ ಇನ್ನೂ ಜಿಡ್ಡಿದೆ, ಹಾಸಿಕೊಂಡು ನಿಂತರೆ ಮೈ ಸ್ವಚ್ಛವಾಗಿದೆ.

ಯಾವ ಹಾಳೆ, ಎಷ್ಟು ದಪ್ಪ

ನಮ್ಮ ಆಯ್ಕೆ ಕಾಸ್ಟ್ ಆಕ್ರಿಲಿಕ್, ಅಂದರೆ ಎರಕ ಹೊಯ್ದು ಮಾಡಿದ ಹಾಳೆ. ಪಾಲಿಕಾರ್ಬೊನೇಟ್ ಎಂಬ ಇನ್ನೊಂದು ಪ್ಲಾಸ್ಟಿಕ್ ಪೆಟ್ಟು ತಡೆಯುವುದರಲ್ಲಿ ಬಹಳ ಗಟ್ಟಿ, ಆದರೆ ಬೇಗ ಗೀರು ಬೀಳುತ್ತದೆ, ಯುವಿ (ಅತಿನೇರಳೆ ಕಿರಣ) ತಡೆಯುವ ಲೇಪನವಿಲ್ಲದಿದ್ದರೆ ಬಿಸಿಲಿಗೆ ಹಳದಿಯಾಗುತ್ತದೆ. ಎಕ್ಸ್‌ಟ್ರೂಡೆಡ್ (ಯಂತ್ರದಿಂದ ಒತ್ತಿ ತೆಗೆದ) ಆಕ್ರಿಲಿಕ್ ಅಗ್ಗ; ಅದರ ಒಳ ಒತ್ತಡ ಹೆಚ್ಚು, ಕತ್ತರಿಸಿದ ಅಂಚು ಬೇಗ ಬಿರುಕುಬಿಡುತ್ತದೆ. ಅಂಗಡಿಯಲ್ಲಿ ‘ಆಕ್ರಿಲಿಕ್’ ಎಂದಷ್ಟೇ ಕೇಳಬೇಡಿ, ಕಾಸ್ಟ್ ಎಂದು ರಕ್ಷಣಾ ಹಾಳೆಯ ಮೇಲೆ ಮುದ್ರಿಸಿದೆಯೇ ನೋಡಿ.

ಹಳೆಯ ಹಾಳೆಗಿಂತ ತೆಳುವಾದುದನ್ನು ಎಂದೂ ಹಾಕಬಾರದು. ಸಣ್ಣ ಪಕ್ಕದ ಕಿಟಕಿಗಳಿಗೆ 6 ಮಿ.ಮೀ., ಜನ ಕಾಲಿಡುವ ಹ್ಯಾಚ್‌ಗೆ (ಡೆಕ್ಕಿನ ಮೇಲಿನ ತೆರೆಯುವ ಮುಚ್ಚಳ) 10 ಮಿ.ಮೀ. ಸಾಮಾನ್ಯ. ಕಡಲಿಗಿಳಿಯುವ ದೋಣಿಯ ದೊಡ್ಡ ಕಿಟಕಿಯಾದರೆ ಅಂದಾಜಿಗೆ ಬಿಡದೆ ದೋಣಿ ಕಿಟಕಿಗಳ ಬಲದ ಬಗೆಗಿನ ಐಎಸ್‌ಒ 12216 ಅಂತರರಾಷ್ಟ್ರೀಯ ಮಾನಕದ ಲೆಕ್ಕ ಹಾಕಿಸಿ.

ಕ್ಯಾಬಿನ್ ಗೋಡೆ ಬಾಗಿದ್ದರೆ ಇನ್ನೊಂದು ಪರೀಕ್ಷೆ ಇದೆ. ಆಕ್ರಿಲಿಕ್ಕನ್ನು ಬಿಸಿ ಮಾಡದೆ ಬಾಗಿಸಿ ಕೂರಿಸುವುದಾದರೆ ಬಾಗಿನ ತ್ರಿಜ್ಯ ದಪ್ಪದ 330 ಪಟ್ಟಿಗಿಂತ ಕಡಿಮೆ ಇರಬಾರದು. 6 ಮಿ.ಮೀ. ಹಾಳೆಗೆ ಅದು ಸುಮಾರು 2 ಮೀಟರ್. ಗೋಡೆಗೆ 600 ಮಿ.ಮೀ. ಉದ್ದಕ್ಕೆ ದಾರ ಎಳೆದು ಹಿಡಿದು ನಡುವಿನ ಉಬ್ಬು ಅಳೆಯಿರಿ. 22 ಮಿ.ಮೀ. ದಾಟಿದರೆ ಹಾಳೆಯನ್ನು ಓವನ್ನಿನಲ್ಲಿ ಬಿಸಿಮಾಡಿ ಅಚ್ಚಿಗೆ ಕೂರಿಸಿ ಬಾಗಿಸಬೇಕು, ಬೋಲ್ಟಿನ ಬಲದಿಂದ ಎಳೆಯಬಾರದು.

ಅಳತೆ ಮತ್ತು ಕತ್ತರಿಸುವುದು

ಕರಾವಳಿಯ ತೇವಕ್ಕೆ ರಟ್ಟು ಮೆತ್ತಗಾಗಿ ಆಕಾರ ಕೆಡುತ್ತದೆ. ಮಾದರಿಯನ್ನು 3 ಮಿ.ಮೀ. ಪ್ಲೈವುಡ್ಡಿನಲ್ಲಿ ಅಥವಾ ಪಾಲಿಯೆಸ್ಟರ್ ಫಿಲ್ಮಿನಲ್ಲಿ ಮಾಡಿ. ಅಂಟಿಸುವ ಕಿಟಕಿಗೆ ರಂಧ್ರದ ಅಂಚಿನಿಂದಾಚೆ ಸುತ್ತಲೂ ಕನಿಷ್ಠ 25 ಮಿ.ಮೀ. ಹಾಳೆ ಗೋಡೆಯ ಮೇಲೆ ಕೂರಬೇಕು. ಫ್ರೇಮಿನೊಳಗೆ ಕೂರುವ ಹಾಳೆಯಾದರೆ ಫ್ರೇಮಿನ ತೋಡಿಗಿಂತ ಸುತ್ತಲೂ 1.5–2 ಮಿ.ಮೀ. ಚಿಕ್ಕದಾಗಿರಲಿ. ಮೂಲೆಗಳು ದುಂಡಗೇ ಇರಬೇಕು, ಚೂಪು ಮೂಲೆಯಿಂದಲೇ ಬಿರುಕು ಹೊರಡುತ್ತದೆ.

ಮೈಸೂರಿನಲ್ಲಿ ನಾಮಫಲಕ ಮಾಡುವವರ ಹತ್ತಿರ ಆಕ್ರಿಲಿಕ್ ಸಿಗುತ್ತದೆ, ಲೇಸರ್‌ನಲ್ಲಿ ಕತ್ತರಿಸಿಕೊಡುತ್ತೇವೆ ಎನ್ನುತ್ತಾರೆ. ಬೇಡ ಎನ್ನಿ. ಲೇಸರ್ ಕತ್ತರಿಸಿದ ಅಂಚು ಕನ್ನಡಿಯಂತೆ ಹೊಳೆಯುತ್ತದೆ, ಆದರೆ ಕರಗಿ ತಣಿದ ಆ ಅಂಚಿನಲ್ಲಿ ಒತ್ತಡ ಉಳಿದುಬಿಟ್ಟಿರುತ್ತದೆ. ಆಮೇಲೆ ಆಲ್ಕೋಹಾಲ್ ತಾಕಿದರೆ ಸಾಕು, ನೂರಾರು ಸೂಕ್ಷ್ಮ ಬಿರುಕು ಏಳುತ್ತವೆ. ಹೆಬ್ಬಾಳ, ಮೇಟಗಳ್ಳಿ ಕಡೆಯ ಕೈಗಾರಿಕಾ ಪ್ರದೇಶದಲ್ಲಿ ಸಿಎನ್‌ಸಿ ರೌಟರ್ (ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರ) ಇರುವವರನ್ನು ವಿಚಾರಿಸಿ, ಪ್ಲಾಸ್ಟಿಕ್ ಕತ್ತರಿಸುವ ಒಂದೇ ಅಲಗಿನ ಬಿಟ್ ಹಾಕಿಸಿ. ನೀವೇ ಕತ್ತರಿಸುವುದಾದರೆ ಜಿಗ್‌ಸಾ ನಿಧಾನ ವೇಗದಲ್ಲಿರಲಿ, ರಕ್ಷಣಾ ಕಾಗದ ಮೇಲೇ ಇರಲಿ. ಗೆರೆಯಿಂದ 2 ಮಿ.ಮೀ. ಹೊರಗೆ ಕತ್ತರಿಸಿ ಅರದಿಂದ ಗೆರೆಗೆ ಬನ್ನಿ, ನಂತರ 120, 220, 400 ನಂಬರಿನ ಕಾಗದ. ಅಂಚಿನಲ್ಲಿ ಒಂದು ಕಚ್ಚೂ ಉಳಿಯಬಾರದು.

ಲೆಕ್ಕ: ಸೀಲೆಂಟಿಗೆ ದಪ್ಪ ಏಕೆ ಬೇಕು

ಈ ಭಾಗವನ್ನು ಎರಡು ಸಲ ಓದಿ. ಒಂದು ಡಿಗ್ರಿ ಸೆಲ್ಸಿಯಸ್‌ಗೆ ಆಕ್ರಿಲಿಕ್ ಮೀಟರಿಗೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ, ಫೈಬರ್‌ಗ್ಲಾಸ್ ಸುಮಾರು 0.025 ಮಿ.ಮೀ. ಕಿಟಕಿ 600 ಮಿ.ಮೀ. ಉದ್ದವಿದೆ, ಮುಂಜಾನೆ 15 ಡಿಗ್ರಿ, ಮಧ್ಯಾಹ್ನದ ಬಿಸಿಲಲ್ಲಿ ಕಪ್ಪು ಛಾಯೆಯ ಹಾಳೆ 60 ಡಿಗ್ರಿ ಎಂದುಕೊಳ್ಳಿ. ಆಕ್ರಿಲಿಕ್ 1.9 ಮಿ.ಮೀ. ಬೆಳೆಯುತ್ತದೆ. ಗೋಡೆ ಅಷ್ಟೇ ಬಿಸಿಯಾದರೂ ಬೆಳೆಯುವುದು 0.7 ಮಿ.ಮೀ. ವ್ಯತ್ಯಾಸ 1.2 ಮಿ.ಮೀ., ನಡುವಿನಿಂದ ಎರಡೂ ತುದಿಗೆ 0.6ರಂತೆ ಹಂಚಿಕೆಯಾಗುತ್ತದೆ.

ಈಗ ಬೋಲ್ಟನ್ನು ಬಲವಾಗಿ ಬಿಗಿದು ಸೀಲೆಂಟನ್ನೆಲ್ಲ ಹೊರಗೆ ಹಿಂಡಿ ಅರ್ಧ ಮಿಲಿಮೀಟರ್ ಉಳಿಸಿದ್ದೀರಿ ಎನ್ನೋಣ. ಅರ್ಧ ಮಿ.ಮೀ. ದಪ್ಪದ ಪದರ ದಿನವೂ 0.6 ಮಿ.ಮೀ. ಪಕ್ಕಕ್ಕೆ ಎಳೆಸಿಕೊಳ್ಳಬೇಕು, ಅಂದರೆ ತನ್ನ ದಪ್ಪದ 120 ಶೇಕಡಾ. ಹರಿಯುತ್ತದೆ. ಅದೇ ಪದರ 2.3 ಮಿ.ಮೀ. ಇದ್ದರೆ ಎಳೆತ 26 ಶೇಕಡಾ ಮಾತ್ರ, ಒಳ್ಳೆಯ ಸಿಲಿಕೋನಿಗೆ ಅದು ಲೆಕ್ಕಕ್ಕೇ ಇಲ್ಲ. ಜಾಸ್ತಿ ಬಿಗಿದಷ್ಟೂ ಜಾಸ್ತಿ ಸೋರುವುದು ಇದೇ ಕಾರಣಕ್ಕೆ.

ಬೋಲ್ಟಿನ ರಂಧ್ರಕ್ಕೂ ಇದೇ ಲೆಕ್ಕ. 5 ಮಿ.ಮೀ. ಬೋಲ್ಟಿಗೆ ಆಕ್ರಿಲಿಕ್‌ನಲ್ಲಿ 7 ಮಿ.ಮೀ. ರಂಧ್ರ ಬೇಕು; ರಂಧ್ರದಿಂದ ಹಾಳೆಯ ಅಂಚಿಗೆ ಅದರ ವ್ಯಾಸದ ಎರಡು ಪಟ್ಟಾದರೂ ದೂರವಿರಲಿ. ಇಳಿತಲೆಯ (ಕೌಂಟರ್‌ಸಂಕ್) ಸ್ಕ್ರೂ ಬೆಣೆಯಾಗಿ ಹಾಳೆಯನ್ನು ಸೀಳುತ್ತದೆ, ಚಪ್ಪಟೆ ಅಡಿಯ ತಲೆ ಮತ್ತು ಅಗಲ ವಾಷರ್ ಬಳಸಿ. ಕಬ್ಬಿಣಕ್ಕೆ ಹಾಕುವ ಬೈರಿಗೆ ಬಿಟ್ ಆಕ್ರಿಲಿಕ್‌ನ ಹಿಂಬದಿಯನ್ನು ಕಿತ್ತುಬಿಡುತ್ತದೆ, ಅದಕ್ಕೆ ಪ್ಲಾಸ್ಟಿಕ್ ಕೊರೆಯಲೆಂದೇ ಇರುವ ಚೂಪು ತುದಿಯ ಬಿಟ್ ಬೇಕು.

ಯಾವ ಸೀಲೆಂಟ್

ಪಾಲಿಸಲ್ಫೈಡ್ ಸೀಲೆಂಟ್ ಆಕ್ರಿಲಿಕ್ ಮತ್ತು ಪಾಲಿಕಾರ್ಬೊನೇಟ್ ಎರಡನ್ನೂ ಕೆಡಿಸುತ್ತದೆ, ಕಿಟಕಿಯ ಹತ್ತಿರ ತರಬೇಡಿ. 3ಎಂ 5200ನಂಥ ಪಾಲಿಯುರಿಥೇನ್ ಅಂಟು ಡೆಕ್ಕು ಮತ್ತು ಹಲ್ (ದೋಣಿಯ ಒಡಲು) ಜೋಡಣೆಗೆ ಸರಿ, ಪ್ಲಾಸ್ಟಿಕ್ ಕಿಟಕಿಗಲ್ಲ. ಸಿಕಾಫ್ಲೆಕ್ಸ್ 295 ಯುವಿ ಈ ಕೆಲಸಕ್ಕೆಂದೇ ಇದೆ, ಆದರೆ ಅದರ ಕಪ್ಪು ಪ್ರೈಮರ್ (ಅಂಟಿಗೆ ಮೊದಲು ಬಳಿಯುವ ಲೇಪ) ಹಚ್ಚದೆ ಬಳಸಿದರೆ ಹಾಳೆಯ ಮೂಲಕ ಬಂದ ಬಿಸಿಲು ಅಂಟಿನ ಮೈಯನ್ನೇ ತಿನ್ನುತ್ತದೆ. ಅಂಟಿಸುವ ಕಿಟಕಿಗೆ ನಮ್ಮ ಮತ ಡೌಸಿಲ್ 795ಕ್ಕೆ: ಗಾಜಿನ ಗೋಡೆಯ ಕಟ್ಟಡಗಳಲ್ಲಿ ಬಳಸುವ ನ್ಯೂಟ್ರಲ್ ಕ್ಯೂರ್ (ಗಟ್ಟಿಯಾಗುವಾಗ ಆಮ್ಲ ಬಿಡದ) ಸಿಲಿಕೋನ್, 50 ಶೇಕಡಾ ಹಿಗ್ಗು–ಕುಗ್ಗು ತಡೆಯುತ್ತದೆ. ಬಚ್ಚಲಿಗೆ ಹಾಕುವ, ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಅದರ ಆಮ್ಲ ಅಲ್ಯೂಮಿನಿಯಂ ತಿನ್ನುತ್ತದೆ. ಟ್ಯೂಬಿನ ಮೇಲಿನ ಅವಧಿ ದಿನಾಂಕ ತಪ್ಪದೆ ನೋಡಿ.

ಫ್ರೇಮು ಮತ್ತು ಬೋಲ್ಟು ಇರುವಲ್ಲಿ ಬ್ಯೂಟೈಲ್ ಟೇಪ್ (ಅಂಟಂಟಾದ ರಬ್ಬರಿನ ಪಟ್ಟಿ) ಸಾಕು. ಅದು ಎಂದೂ ಗಟ್ಟಿಯಾಗುವುದಿಲ್ಲ, ಹೋಳಿಗೆ ಕಣಕದ ಹಾಗೆ ಎಳೆದರೆ ಬರುತ್ತದೆ. ಒಂದೇ ಸಲ ಬಿಗಿಯಬೇಡಿ. ದಿನಕ್ಕೆ ಸ್ವಲ್ಪದಂತೆ ಮೂರ್ನಾಲ್ಕು ದಿನ, ಮಧ್ಯಾಹ್ನ ಅದು ಮೆತ್ತಗಾಗಿರುವಾಗ ಬಿಗಿಯಿರಿ. ಬೋಲ್ಟನ್ನು ಅಲುಗದಂತೆ ಹಿಡಿದು ನಟ್ ಮಾತ್ರ ತಿರುಗಿಸಿ, ಬೋಲ್ಟು ತಿರುಗಿದರೆ ಅದರ ಸುತ್ತಲಿನ ಸೀಲು ಹರಿಯುತ್ತದೆ. ಬೋಲ್ಟಿಲ್ಲದ ಹಾಳೆಯನ್ನು ಬ್ಯೂಟೈಲ್ ಒಂದೇ ಹಿಡಿದಿಡುತ್ತದೆ ಎಂದು ನಂಬಬೇಡಿ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಉಳಿದ ಆಕ್ರಿಲಿಕ್ ಚೂರನ್ನು ನಿಜವಾದ ಕೆಲಸದಂತೆಯೇ ಒರೆಸಿ, ಬೆರಳುದ್ದ ಸೀಲೆಂಟ್ ಹಾಕಿ ಏಳು ದಿನ ಬಿಡಿ. ಒಂದು ತುದಿ ಬಿಡಿಸಿ ಹಿಂದಕ್ಕೆ ಎಳೆಯಿರಿ. ಸೀಲೆಂಟೇ ನಡುವೆ ಹರಿದರೆ ಹಿಡಿತ ಸರಿಯಿದೆ. ಅಂಟಿದ ಮೈಯಿಂದ ಸ್ವಚ್ಛವಾಗಿ ಎದ್ದು ಬಂದರೆ ಒರೆಸುವ ಕ್ರಮ ಅಥವಾ ಪ್ರೈಮರ್ ಬದಲಿಸಬೇಕು.

ಕೂರಿಸುವ ದಿನ

ಮೋಡ ಮುಸುಕಿದ, ಮಳೆಯಿಲ್ಲದ ಬೆಳಿಗ್ಗೆ ಉತ್ತಮ. ಸುಡು ಬಿಸಿಲಲ್ಲಿ ಹಿಗ್ಗಿದ ಹಾಳೆಯನ್ನು ಅಂಟಿಸಿದರೆ ಕುಗ್ಗುವಾಗಿನ ಎಳೆತವನ್ನೆಲ್ಲ ಸೀಲೆಂಟ್ ಒಂದೇ ದಿಕ್ಕಿನಲ್ಲಿ ಹೊರಬೇಕಾಗುತ್ತದೆ.

ಒಣ ಹಾಳೆಯನ್ನು ಇಟ್ಟು ನೋಡಿ ಸುತ್ತ ಗುರುತು ಹಾಕಿ, ಗುರುತಿನಿಂದ 6 ಮಿ.ಮೀ. ಹೊರಗೆ ಮಾಸ್ಕಿಂಗ್ ಟೇಪ್ ಹಚ್ಚಿ. ರಕ್ಷಣಾ ಫಿಲ್ಮನ್ನು ಅಂಚಿನಿಂದ 30 ಮಿ.ಮೀ. ಮಾತ್ರ ಎಬ್ಬಿಸಿ ಮಡಚಿ. ಅದನ್ನು ಹಾಳೆಯ ಮೇಲಿಟ್ಟು ಚಾಕುವಿನಿಂದ ಕುಯ್ಯಬೇಡಿ, ಆ ಗೀರೇ ಮುಂದೆ ಬಿರುಕಾಗುತ್ತದೆ. ಆಕ್ರಿಲಿಕ್‌ಗೆ ಅಸಿಟೋನ್, ಥಿನ್ನರ್, ಪೆಟ್ರೋಲ್ ಯಾವುದೂ ತಾಕಬಾರದು. ಸೋಪು ನೀರು, ನಂತರ ಅರ್ಧ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒಮ್ಮೆ ಒರೆಸಿ ತಕ್ಷಣ ಒಣ ಬಟ್ಟೆ ಹಿಡಿಯಿರಿ.

ಗೋಡೆಯ ಹೊರಮೈ ಮೇಲೆ ರಂಧ್ರದ ಅಂಚಿಗೆ ಹೊಂದಿಸಿ ಸುತ್ತಲೂ 12 ಮಿ.ಮೀ. ಅಗಲದ 3ಎಂ ವಿಎಚ್‌ಬಿ 4991 ಎಂಬ ಎರಡೂ ಬದಿ ಅಂಟುವ ಟೇಪ್ ಅಂಟಿಸಿ. ಅದರ ದಪ್ಪ 2.3 ಮಿ.ಮೀ., ಸೀಲೆಂಟಿನ ದಪ್ಪ ಅಲ್ಲಿಗೇ ನಿಗದಿಯಾಗುತ್ತದೆ, ಸೀಲೆಂಟ್ ಒಳಗೆ ಸುರಿಯುವುದೂ ತಪ್ಪುತ್ತದೆ. ಟೇಪಿನ ಹೊರಗೆ ಉಳಿದ 13 ಮಿ.ಮೀ.ಗೆ ಗಾಳಿ ಸಿಕ್ಕದಂತೆ ಎತ್ತರದ ಒಂದೇ ಸಾಲು ಸೀಲೆಂಟ್ ಹಾಕಿ, ಇಬ್ಬರು ಹಿಡಿದು ಕೆಳ ಅಂಚಿನಿಂದ ಹಾಳೆಯನ್ನು ಕೂರಿಸಿ. ವಿಎಚ್‌ಬಿ ಒಮ್ಮೆ ಹಿಡಿದರೆ ಸರಿಸಲಾಗುವುದಿಲ್ಲ. ಹಾಳೆಯ ಕೆಳ ಅಂಚನ್ನು ಆನಿಸಲು ಮೊದಲೇ ಮರದ ಎರಡು ತುಂಡು ತಾತ್ಕಾಲಿಕವಾಗಿ ಅಂಟಿಸಿಟ್ಟುಕೊಳ್ಳಿ. ಟೇಪಿನ ಉದ್ದಕ್ಕೂ ಬಲವಾಗಿ ಒತ್ತಿ. ಅಂಚಿನ ಸಂದು ತುಂಬಿ, ಚಮಚದ ಬೆನ್ನಿನಿಂದ ಒಂದೇ ಎಳೆತದಲ್ಲಿ ನಯಮಾಡಿ, ಪೊರೆ ಕಟ್ಟುವ ಮೊದಲೇ ಮಾಸ್ಕಿಂಗ್ ಟೇಪ್ ಎಳೆಯಿರಿ. ಹತ್ತು ನಿಮಿಷಕ್ಕಿಂತ ಹೆಚ್ಚು ಸಮಯವಿಲ್ಲ ಎಂದೇ ಇಟ್ಟುಕೊಳ್ಳಿ.

600×200 ಮಿ.ಮೀ. ಕಿಟಕಿಗೆ ಸುತ್ತಳತೆ 1.6 ಮೀಟರ್. ಪದರಕ್ಕೂ ಅಂಚಿಗೂ ಸೇರಿ ಸುಮಾರು 120 ಮಿ.ಲೀ. ಸೀಲೆಂಟ್ ಬೇಕು. 300 ಮಿ.ಲೀ. ಟ್ಯೂಬು ಎರಡು ಕಿಟಕಿಗೆ ಬರುತ್ತದೆ, ಆದರೂ ಒಂದು ಹೆಚ್ಚಿಗೆ ಇರಲಿ; ಅರ್ಧ ಸುತ್ತಿಗೆ ಮುಗಿದರೆ ಕರಾವಳಿಯ ಸಣ್ಣ ಊರಲ್ಲಿ ಅದೇ ಸಿಗುವುದು ಅನುಮಾನ.

ವಿಎಚ್‌ಬಿ ಪೂರ್ಣ ಬಲಕ್ಕೆ ಬರಲು 72 ಗಂಟೆ ಬೇಕು, ಸಿಲಿಕೋನ್ ಪೂರ್ತಿ ಗಟ್ಟಿಯಾಗಲು 7ರಿಂದ 14 ದಿನ. ಅಲ್ಲಿಯವರೆಗೆ ಪೈಪಿನ ನೀರು ಹೊಡೆದು ಪರೀಕ್ಷಿಸಬೇಡಿ. ಆಮೇಲೆ ಮೊದಲಿನ ಕ್ರಮದಲ್ಲೇ, ಕೆಳಗಿನಿಂದ ಮೇಲಕ್ಕೆ, ಟಿಶ್ಯೂ ಕಾಗದ ಒತ್ತಿಟ್ಟು ನೋಡಿ. ಎಲ್ಲೋ ಒದ್ದೆ ಕಂಡರೆ ಮೇಲಿನಿಂದ ಇನ್ನಷ್ಟು ಸೀಲೆಂಟ್ ಬಳಿಯಬೇಡಿ, ನೀರು ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಆ ಜಾಗದ ಎರಡೂ ಬದಿಗೆ 50 ಮಿ.ಮೀ. ಸೀಲೆಂಟ್ ಪೂರ್ತಿ ಕುಯ್ದು ತೆಗೆದು, ಒಣಗಿಸಿ, ಅದೇ ಸಿಲಿಕೋನ್ ತುಂಬಿ. ಇನ್ನು ಕಿಟಕಿ ಒರೆಸಲು ಅಮೋನಿಯ ಇರುವ ಗಾಜಿನ ಕ್ಲೀನರ್ ದೋಣಿಯಲ್ಲಿ ಇಡುವುದೇ ಬೇಡ. ಸಿಹಿನೀರಿನಿಂದ ಉಪ್ಪು ತೊಳೆದು, ಸೋಪು ನೀರಿನಲ್ಲಿ ಅದ್ದಿದ ಹತ್ತಿ ಬಟ್ಟೆಯಿಂದ ಒರೆಸಿ.