ಬಣ್ಣ ಕೆಡಿಸದೆ ನೆಗ್ಗು ತೆಗೆಯುವುದು: ಹಳೆಯ ಕಾರಿನ ಮೇಲೆ ಕಲಿಯುವವರಿಗೆ ಟಿಪ್ಪಣಿ

ಕಾರಿನ ಬಾಗಿಲಿಗೆ ಏನಾದರೂ ತಾಗಿ ನೆಗ್ಗು ಬಿದ್ದಾಗ ಕಣ್ಣಿಗೆ ಕಾಣುವುದು ನಡುವಿನ ತಗ್ಗು. ಹೀಗಾಗಿ ಹೊಸದಾಗಿ ಕಲಿಯುವವರು ಒಳಗಿನಿಂದ ಆ ತಗ್ಗಿನ ತಳಕ್ಕೇ ಸರಳು ಕೊಟ್ಟು ಬಲವಾಗಿ ಒತ್ತುತ್ತಾರೆ. ಒತ್ತಿದ ಕಡೆ ಮೊಳೆಯ ತಲೆಯಂತಹ ಉಬ್ಬೊಂದು ಏಳುತ್ತದೆ, ಸುತ್ತಲಿನ ತಗ್ಗು ಮಾತ್ರ ಹಾಗೆಯೇ ಉಳಿಯುತ್ತದೆ. ಹೀಗಾಗುವುದೇಕೆ ಎಂಬುದು ಅರ್ಥವಾದರೆ ಈ ವಿದ್ಯೆಯ ಅರ್ಧ ಭಾಗ ಕೈಗೆ ಬಂದಂತೆ. ಆದ್ದರಿಂದ ಉಪಕರಣಗಳಿಗಿಂತ ಮೊದಲು ತಗಡಿನ ಸ್ವಭಾವವನ್ನೇ ನೋಡೋಣ.

ಕಾರಿನ ಹೊರಮೈಯ ಉಕ್ಕಿನ ತಗಡು ಸಾಮಾನ್ಯವಾಗಿ 0.7 ರಿಂದ 0.8 ಮಿಲಿಮೀಟರ್ ದಪ್ಪವಿರುತ್ತದೆ. ಹಳೆಯ ಮಾದರಿಗಳಲ್ಲಿ ಇದಕ್ಕಿಂತ ತುಸು ದಪ್ಪನೆಯ ತಗಡೂ ಕಾಣಸಿಗುತ್ತದೆ. ಉಕ್ಕನ್ನು ಸ್ವಲ್ಪ ಬಗ್ಗಿಸಿ ಬಿಟ್ಟರೆ ಅದು ಮೊದಲಿನ ಆಕಾರಕ್ಕೆ ಮರಳುತ್ತದೆ. ಒಂದು ಮಿತಿಯನ್ನು ದಾಟಿ ಬಗ್ಗಿಸಿದರೆ ಬಾಗಿದಲ್ಲೇ ನಿಲ್ಲುತ್ತದೆ, ಮತ್ತು ಹಾಗೆ ನಿಂತ ಜಾಗ ಮೊದಲಿಗಿಂತ ಗಡುಸಾಗುತ್ತದೆ. ನೆಗ್ಗಿನಲ್ಲಿ ಈ ಎರಡೂ ಒಟ್ಟಿಗೆ ಇರುತ್ತವೆ. ಸಾಧಾರಣ ನೆಗ್ಗಿನಲ್ಲಿ ಮಿತಿ ಮೀರಿ ಬಾಗಿರುವುದು ಮುಖ್ಯವಾಗಿ ಪೆಟ್ಟು ಬಿದ್ದ ಬಿಂದು ಮತ್ತು ತಗ್ಗಿನ ಸುತ್ತ ಏರಿಯಂತೆ ಎದ್ದ ಅಂಚು. ನಡುವಿನ ಬಹುಭಾಗ ತಾನಾಗಿಯೇ ಮೇಲೇಳಲು ಕಾದಿರುತ್ತದೆ, ಆದರೆ ಗಡುಸಾದ ಆ ಅಂಚು ಅದನ್ನು ಹಿಡಿದಿಟ್ಟಿರುತ್ತದೆ. ತೆಳುವಾದ ಬಟ್ಟೆಯೊಂದನ್ನು ಅಂಗೈ ಕೆಳಗಿಟ್ಟುಕೊಂಡು ತಗಡಿನ ಮೇಲೆ ಮೆಲ್ಲನೆ ಸರಿಸಿದರೆ ಕಣ್ಣಿಗೆ ಕಾಣದ ಈ ಏರಿ ಕೈಗೆ ಸಿಗುತ್ತದೆ. ತಗ್ಗನ್ನು ಎಬ್ಬಿಸುವುದರ ಜೊತೆಗೆ ಏರಿಯನ್ನು ತಗ್ಗಿಸುವುದೂ ಕೆಲಸದ ಭಾಗ. ನನ್ನ ಅಭಿಪ್ರಾಯದಲ್ಲಿ ಎರಡನೆಯದೇ ಹೆಚ್ಚು ಮುಖ್ಯ.

ಹಳೆಯ ಕಾರಿನಲ್ಲಿ ತಗಡಿಗಿಂತ ಬಣ್ಣವೇ ದೊಡ್ಡ ಪ್ರಶ್ನೆ. ಕಾರ್ಖಾನೆಯಲ್ಲಿ ಹಚ್ಚಿದ ಬಣ್ಣ, ಅದರ ಅಡಿಯ ಪ್ರೈಮರ್ ಮತ್ತು ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್ ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100 ರಿಂದ 150 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಆಸುಪಾಸಿನಲ್ಲಿರುತ್ತವೆ, ಮತ್ತು ಒಲೆಯಲ್ಲಿ ಬೇಯಿಸಿದ ಆ ಪದರಗಳು ತಗಡನ್ನು ಬಿಗಿಯಾಗಿ ಹಿಡಿದಿರುತ್ತವೆ. ಆಮೇಲೆ ಎಂದೋ ಮರುಬಣ್ಣ ಹೊಡೆದಿದ್ದರೆ ಆ ಹಿಡಿತವನ್ನು ನಂಬುವಂತಿಲ್ಲ. ಕೆಳಗೆ ಪುಟ್ಟಿ ತುಂಬಿದ್ದರಂತೂ ಒತ್ತಿದ ಕೂಡಲೇ ಅದು ಬಿರುಕು ಬಿಡುತ್ತದೆ. ಬಣ್ಣದ ದಪ್ಪ ಅಳೆಯುವ ಸಣ್ಣ ಮೀಟರ್ ಇದ್ದರೆ ಅನುಮಾನ ಬೇಗ ಪರಿಹಾರವಾಗುತ್ತದೆ. ಇಲ್ಲದಿದ್ದರೆ ಸಣ್ಣ ಆಯಸ್ಕಾಂತವನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ, ನೆಗ್ಗಿನ ಜಾಗದಲ್ಲೂ ದೂರದ ಜಾಗದಲ್ಲೂ ಇಟ್ಟು ಎಳೆದು ನೋಡಿ ಸೆಳೆತವನ್ನು ಹೋಲಿಸಬಹುದು. ಪುಟ್ಟಿ ಇರುವ ಕಡೆ ಅದು ಸಡಿಲವಾಗಿ ಕಳಚುತ್ತದೆ. ಎಲ್ಲಿಯೂ ಅಂಟದಿದ್ದರೆ ಆ ಭಾಗ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್‌ನದು ಎಂದು ತಿಳಿಯಬೇಕು. ಎರಡೂ ಕಲಿಯುವವರ ಕೆಲಸವಲ್ಲ. ಬಣ್ಣ ಈಗಾಗಲೇ ಸೀಳಿದ್ದರೆ, ನೆಗ್ಗು ಚೂಪಾಗಿ ಮಡಚಿದ್ದರೆ, ತಗಡಿನ ತುದಿಯಲ್ಲಿ ಅಥವಾ ಕಂಪನಿ ಒತ್ತಿದ ಗೆರೆಯ ಮೇಲೆ ಬಿದ್ದಿದ್ದರೆ ಅದನ್ನೂ ಬಿಟ್ಟುಬಿಡುವುದು ಲೇಸು.

ಇನ್ನು ಬೆಳಕು. ಹಗಲಿನ ಹರಡಿದ ಬೆಳಕಿನಲ್ಲಿ ಈ ಕೆಲಸ ಸಾಗುವುದಿಲ್ಲ. ಕಪ್ಪು ಗೆರೆಗಳನ್ನು ಸಮಾನ ಅಂತರದಲ್ಲಿ ಎಳೆದ ಬಿಳಿ ಹಲಗೆಯನ್ನಾಗಲಿ ಉದ್ದನೆಯ ಟ್ಯೂಬ್‌ಲೈಟನ್ನಾಗಲಿ ತಗಡಿನ ಪಕ್ಕದಲ್ಲಿ ನಿಲ್ಲಿಸಿ, ಅದರ ಪ್ರತಿಬಿಂಬವನ್ನು ಬಣ್ಣದಲ್ಲಿ ನೋಡಬೇಕು. ಕೆಡದ ಭಾಗದಲ್ಲಿ ಗೆರೆ ಒಂದೇ ಓಟದಲ್ಲಿ ಹರಿದಿರುತ್ತದೆ. ತಗ್ಗಿನಲ್ಲಿ ಒಂದು ಕಡೆಗೆ ವಾಲುತ್ತದೆ, ಏರಿಯ ಮೇಲೆ ಅದಕ್ಕೆ ವಿರುದ್ಧವಾಗಿ ಬಾಗುತ್ತದೆ. ಮಾಸಿದ ಬಣ್ಣದಲ್ಲಿ ಪ್ರತಿಬಿಂಬವೇ ಮೂಡದು. ಆದ್ದರಿಂದ ಆ ಭಾಗವನ್ನು ತೊಳೆದು, ಕೈಯಿಂದ ಪಾಲಿಷ್ ಮಾಡಿದ ನಂತರವೇ ಮುಂದುವರಿಯಬೇಕು.

ಸರಳುಗಳು ಹಲವು ಆಕಾರದಲ್ಲಿ ಸಿಗುತ್ತವೆ. ಒಂದು ಬಾಗಿದ ತುದಿಯದು, ಒಂದು ಚಪ್ಪಟೆಯದು, ಏರಿ ತಗ್ಗಿಸಲು ನೈಲಾನ್ ಕಡ್ಡಿ ಮತ್ತು ಸಣ್ಣ ಸುತ್ತಿಗೆ ಇದ್ದರೆ ಆರಂಭಕ್ಕೆ ಸಾಕು. ಬಾಗಿಲಾದರೆ ಗಾಜು ಇಳಿಯುವ ಸೀಳಿನಲ್ಲಿ ಬೆಣೆಯಿಟ್ಟು, ಗಾಜಿಗೆ ತಗಲದಂತೆ ರಕ್ಷಣೆಯ ಪಟ್ಟಿ ಇಳಿಸಿ, ಸರಳನ್ನು ಒಳಗೆ ಬಿಡಬೇಕು. ಬಾಗಿಲಿನಲ್ಲಿ ತಂತಿಗಳೋ ಏರ್‌ಬ್ಯಾಗಿನ ಸೆನ್ಸರೋ ಇರಬಹುದಾದ್ದರಿಂದ ಮೊದಲೇ ಬ್ಯಾಟರಿಯ ನೆಗೆಟಿವ್ ಕೊಂಡಿ ಕಳಚಿ ಸ್ವಲ್ಪ ಹೊತ್ತು ಕಾಯುವುದು ಅಗತ್ಯ. ದಾರಿ ಸಿಗಲಿಲ್ಲವೆಂದು ತಗಡಿಗೆ ರಂಧ್ರ ಕೊರೆಯಬಾರದು. ಹಳೆಯ ಕಾರಿನಲ್ಲಿ ಆ ರಂಧ್ರವೇ ತುಕ್ಕಿನ ಬಾಗಿಲಾಗುತ್ತದೆ.

ತಣ್ಣಗಿರುವ ಬಣ್ಣ ಪೆಡಸಾಗಿರುತ್ತದೆ. ಹೇರ್ ಡ್ರೈಯರ್‌ನಿಂದ ಅದನ್ನು ಕೈ ಇಟ್ಟರೆ ಸಹಿಸುವಷ್ಟು ಬೆಚ್ಚಗೆ ಮಾಡಿಕೊಂಡು ಒತ್ತಲು ಆರಂಭಿಸಬೇಕು. ಮೊದಲು ಸರಳಿನ ತುದಿ ಎಲ್ಲಿದೆ ಎಂದು ಗುರುತಿಸಿಕೊಳ್ಳಬೇಕು: ಅತಿ ಹಗುರವಾಗಿ ಒತ್ತಿ ಸರಳನ್ನು ಅತ್ತಿತ್ತ ಆಡಿಸಿದರೆ, ಪ್ರತಿಬಿಂಬದ ಗೆರೆಯಲ್ಲಿ ಸಾಸಿವೆಯಷ್ಟು ಅಲುಗಾಟವೊಂದು ಓಡಾಡುತ್ತದೆ. ಆ ಅಲುಗಾಟವನ್ನು ಕಣ್ಣಿನಿಂದ ಹಿಂಬಾಲಿಸುತ್ತ ತಗ್ಗಿನ ಹೊರ ಅಂಚಿಗೆ ಒಯ್ದು, ಅಲ್ಲಿಂದ ಸುತ್ತು ಸುತ್ತಾಗಿ ಒಳಕ್ಕೆ ಬರುತ್ತ, ಒಂದರ ಪಕ್ಕಕ್ಕೆ ಒಂದು ತಾಗುವಂತೆ ಸಣ್ಣ ಸಣ್ಣ ಒತ್ತುಗಳನ್ನು ಕೊಡಬೇಕು. ಪ್ರತಿ ಒತ್ತಿನಿಂದ ಆಗುವ ಬದಲಾವಣೆ ಕಂಡೂ ಕಾಣದಷ್ಟಿರಬೇಕು. ಎದ್ದು ಕಾಣುವಷ್ಟಾದರೆ ಒತ್ತಡ ಹೆಚ್ಚಾಯಿತೆಂದೇ ಅರ್ಥ. ಒಂದು ಸುತ್ತು ಮುಗಿದ ಮೇಲೆ ನೈಲಾನ್ ಕಡ್ಡಿಯನ್ನು ಏರಿಯ ಮೇಲಿಟ್ಟು ಹಗುರವಾಗಿ ಬಡಿದರೆ, ಹಿಡಿದಿಟ್ಟಿದ್ದ ಅಂಚು ಸಡಿಲವಾಗಿ ನಡುಭಾಗ ಒತ್ತದೆಯೇ ತುಸು ಮೇಲೇಳುವುದು ಹಲವೊಮ್ಮೆ ಕಣ್ಣೆದುರೇ ಕಾಣುತ್ತದೆ. ಗೆರೆ ತಾನಾಗಿ ನೆಟ್ಟಗಾಗುವ ಆ ಕ್ಷಣವನ್ನು ಒಮ್ಮೆ ನೋಡಿದವರು ಮತ್ತೆಂದೂ ನಡುವಿಗೆ ಬಲ ಹಾಕಲು ಹೋಗುವುದಿಲ್ಲ. ಗುಜರಿಯಿಂದ ತಂದ ಬಾನೆಟ್ಟೊಂದರ ಮೇಲೆ ಇದನ್ನು ಅಭ್ಯಾಸ ಮಾಡಿಕೊಂಡರೆ ಒಳ್ಳೆಯದು.

ಒಳಗಿನಿಂದ ಕೈ ಹೋಗದ ಕಡೆ, ಪ್ಲಾಸ್ಟಿಕ್ ಬಿಲ್ಲೆಯನ್ನು ಬಿಸಿ ಅಂಟಿನಿಂದ ಕೂರಿಸಿ ಹೊರಗಿನಿಂದ ಎಳೆಯುವ ವಿಧಾನವಿದೆ. ಅಂಟು ಬಿಡಿಸಲು ಐಸೊಪ್ರೊಪೈಲ್ ಆಲ್ಕೋಹಾಲನ್ನು ಅಂಚಿಗೆ ಬಿಟ್ಟರೆ ಸಾಕು, ಕೆರೆಯಬೇಕಿಲ್ಲ. ಆದರೆ ಈ ವಿಧಾನದಲ್ಲಿ ಎಳೆತವೆಲ್ಲ ಬಣ್ಣದ ಮೂಲಕವೇ ತಗಡಿಗೆ ತಲುಪುತ್ತದೆ. ನಾನು ಕಲಿಯುತ್ತಿದ್ದಾಗ ಹಳೆಯ ಕಾರೊಂದರ ಮುಂದಿನ ಫೆಂಡರನ್ನು ಪರೀಕ್ಷಿಸದೆ ಎಳೆದೆ. ನಾಣ್ಯದಗಲ ಬಣ್ಣ ಬಿಲ್ಲೆಯ ಜೊತೆಗೇ ಎದ್ದು ಬಂದು ಕೆಳಗಿನ ಬೂದು ಪ್ರೈಮರ್ ಕಾಣಿಸಿತು. ಮರುಬಣ್ಣದ ಅನುಮಾನ ಇರುವಲ್ಲಿ ಅಂಟಿನ ದಾರಿ ಹಿಡಿಯಬಾರದೆಂದು ಅಂದಿನಿಂದ ನಿಯಮ ಮಾಡಿಕೊಂಡಿದ್ದೇನೆ.

ಬಿಸಿ ಮಾಡಿ ತಕ್ಷಣ ಮಂಜುಗಡ್ಡೆ ಇಟ್ಟರೆ ನೆಗ್ಗು ಹಾರಿ ಹೋಗುತ್ತದೆ ಎಂಬ ಮಾತನ್ನು ಅನೇಕರು ಕೇಳಿರುತ್ತಾರೆ. ಅಂಚು ಗಡುಸಾಗದ, ಅಗಲವಾದ ಆಳವಿಲ್ಲದ ತಗ್ಗಿನಲ್ಲಿ ಮಾತ್ರ ಅದು ಕೆಲವೊಮ್ಮೆ ಫಲಿಸೀತು; ತಗಡಿಗೆ ಅಂಟಿಸಿ ಎಳೆಯುವ ರಬ್ಬರಿನ ಹೀರುಬಟ್ಟಲು (ಸಕ್ಷನ್ ಕಪ್) ಕೆಲಸಕ್ಕೆ ಬರುವುದೂ ಅಂತಹ ತಗ್ಗಿನಲ್ಲೇ. ಹಳೆಯ ಬಣ್ಣಕ್ಕೆ ಆ ದಿಢೀರ್ ಉಷ್ಣಭೇದವನ್ನು ಕೊಡುವುದನ್ನು ನಾನಂತೂ ಒಪ್ಪುವುದಿಲ್ಲ.

ಕೊನೆಯ ಹೆಜ್ಜೆಯನ್ನು ಬಹಳ ಮಂದಿ ಮರೆಯುತ್ತಾರೆ. ಸರಳಿನ ತುದಿ ಉಜ್ಜಿದ ಕಡೆಯಲ್ಲೆಲ್ಲ ಒಳಮೈಯ ರಕ್ಷಣಾ ಪದರ ಕಿತ್ತುಹೋಗಿರುತ್ತದೆ, ಮತ್ತು ಬಾಗಿಲಿನೊಳಗೆ ಪ್ರತಿ ಮಳೆಗೂ ನೀರು ಇಳಿಯುತ್ತದೆ. ಉದ್ದನೆಯ ನಳಿಕೆಯಿಂದ ಆ ಜಾಗಕ್ಕೆ ತುಕ್ಕುನಿರೋಧಕ ಮೇಣವನ್ನು ಸಿಂಪಡಿಸಿ, ಬಾಗಿಲಿನ ಕೆಳಗಿನ ನೀರುಗಂಡಿಗಳು ಅದರಿಂದ ಮುಚ್ಚಿಹೋಗಿಲ್ಲವೆಂದು ನೋಡಿಕೊಂಡ ಮೇಲೆಯೇ ಬಾಗಿಲಿನ ಒಳಗಿನ ಹೊದಿಕೆಯನ್ನು ತೆಗೆದಿದ್ದರೆ ಅದನ್ನು ಮರಳಿ ಕೂರಿಸಬೇಕು.