ಕಾಪಿರೈಟ್ ನೋಟಿಸು ಬಂದಾಗ: ಅಳಿಸುವ ಮೊದಲು ಉಳಿಸಿಕೊಳ್ಳಿ

ಗಿರಾಕಿಯ ಸೈಟಿನಲ್ಲಿ ಹಾಕಿದ ಚಿತ್ರಕ್ಕೆ ಕಾಪಿರೈಟ್ ಉಲ್ಲಂಘನೆಯ ನೋಟಿಸು ಬಂದ ಕೂಡಲೇ ಹೆಚ್ಚಿನ ವೆಬ್ ಡಿಸೈನರುಗಳು ಆ ಚಿತ್ರವನ್ನು ಸೈಟಿನಿಂದ ಅಳಿಸಿಹಾಕುತ್ತಾರೆ. ಆಮೇಲೆ ಗಾಬರಿಯಲ್ಲಿ ‘ಸಾರಿ, ಗೊತ್ತಿರಲಿಲ್ಲ’ ಎಂದು ಉತ್ತರ ಬರೆಯುತ್ತಾರೆ. ಮೊದಲನೆಯದರಿಂದ ಪುರಾವೆ ಹೋಗುತ್ತದೆ, ಎರಡನೆಯದರಿಂದ ತಪ್ಪೊಪ್ಪಿಕೊಂಡಂತಾಗುತ್ತದೆ. ಇಂಥ ತಕರಾರುಗಳಲ್ಲಿ ಮಾತಿನ ಜಾಣ್ಮೆ ಕೆಲಸಕ್ಕೆ ಬರುವುದು ಕಡಿಮೆ. ಲೈಸೆನ್ಸಿನ ರಸೀದಿ ಇದೆಯೋ ಇಲ್ಲವೋ ಎಂಬುದೇ ಮುಖ್ಯ. ಮೊದಲ ದಿನ ಪೂರ್ತಿ ಹುಡುಕುವುದಕ್ಕೆ, ಕಾಪಿಡುವುದಕ್ಕೆ ಮೀಸಲಾಗಿರಲಿ.

ಮುಂಬಯಿ, ಪುಣೆ, ಗೋವಾಗಳಲ್ಲಿ ನಮ್ಮವರ ಹೋಟೆಲು, ಕೇಟರಿಂಗು, ಕನ್ನಡ ಸಂಘ, ಹೋಮ್‌ಸ್ಟೇಗಳಿಗೆ ಸೈಟ್ ಮಾಡಿಕೊಡುವವರಿಗೆ ತಕರಾರು ಬರುವುದು ಬಹುಪಾಲು ಫೋಟೋಗಳಿಂದ. ಮಾಟುಂಗಾದ ಹೋಟೆಲಿನವರು ವಾಟ್ಸ್ಯಾಪಿನಲ್ಲಿ ಕಳಿಸಿದ ಮಸಾಲೆ ದೋಸೆ ಅವರದೇ ಕಾವಲಿಯದ್ದೋ, ಗೂಗಲ್ಲಿನಿಂದ ಇಳಿಸಿದ್ದೋ ನೋಡಿದರೆ ತಿಳಿಯುವುದಿಲ್ಲ. ಫೋಟೋವನ್ನು ಫೋಟೋ ಆಗಿಯೇ ಕಳಿಸಿದರೆ ವಾಟ್ಸ್ಯಾಪ್ ಅದನ್ನು ಕುಗ್ಗಿಸುತ್ತದೆ. ಕ್ಯಾಮೆರಾ, ದಿನಾಂಕ, ಛಾಯಾಗ್ರಾಹಕರ ಹೆಸರು ಇರುವ ಮೆಟಾಡೇಟಾ ಆಗಲೇ ಉದುರಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿದರೆ ಉಳಿಯುತ್ತದೆ. ಸಂಘದ ಕಾರ್ಯದರ್ಶಿಗಳು ಫೇಸ್‌ಬುಕ್ಕಿನಿಂದ ತೆಗೆದುಕೊಟ್ಟ ಯಕ್ಷಗಾನದ ಚಿತ್ರವೂ ಅಷ್ಟೇ. ಆಟ ಸಂಘದ್ದಾದರೂ ಹವ್ಯಾಸಕ್ಕೆ ಬಂದು ಕ್ಲಿಕ್ಕಿಸಿದವರ ಫೋಟೋ ಅವರದೇ. ಸಂಘವೇ ದುಡ್ಡು ಕೊಟ್ಟು ಫೋಟೋಗ್ರಾಫರನ್ನು ಕರೆಸಿದ್ದು, ಬೇರೆ ಒಪ್ಪಂದ ಆಗಿರದಿದ್ದರೆ, 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಹಕ್ಕು ಸಂಘಕ್ಕೆ ಬರುತ್ತದೆ.

ಥೀಮಿನ, ಅಂದರೆ ಸೈಟಿನ ಸಿದ್ಧ ವಿನ್ಯಾಸದ, ಡೆಮೊದಲ್ಲಿ ಬರುವ ಚಿತ್ರಗಳ ಬಗ್ಗೆಯೂ ಎಚ್ಚರ ಬೇಕು. ಥೀಮಿಗೆ ದುಡ್ಡು ಕೊಟ್ಟಿದ್ದರೂ ಆ ಚಿತ್ರಗಳು ಸಾಮಾನ್ಯವಾಗಿ ಮಾದರಿ ತೋರಿಸುವುದಕ್ಕಷ್ಟೇ. ಥೀಮ್‌ಫಾರೆಸ್ಟ್ ಎಂಬ ಥೀಮ್ ಮಾರುವ ತಾಣದ ರೆಗ್ಯುಲರ್ ಲೈಸೆನ್ಸ್ ಒಬ್ಬ ಗಿರಾಕಿಯ ಒಂದು ಸೈಟಿಗೆ ಮಾತ್ರ. ಅದನ್ನೇ ಎರಡನೆಯವರಿಗೆ ಹಾಕಿಕೊಡುವಂತಿಲ್ಲ. ಡೆಸ್ಕ್‌ಟಾಪಿಗೆಂದು ಕೊಂಡ ಫಾಂಟಿಗೆ ವೆಬ್ ಲೈಸೆನ್ಸ್ ಬೇರೆಯೇ ಬೇಕಾಗಬಹುದು. ಕನ್ನಡಕ್ಕಾದರೆ ನೋಟೊ ಸಾನ್ಸ್ ಕನ್ನಡವೂ ಮುಂಬಯಿಯ ಏಕ್ ಟೈಪ್‌ನವರ ‘ಬಾಲೂ ತಮ್ಮ’ ಫಾಂಟೂ ಉಚಿತವಾಗಿ ಬಳಸಬಹುದಾದ ಓಪನ್ ಫಾಂಟ್ ಲೈಸೆನ್ಸಿನಲ್ಲಿವೆ, ಆ ಚಿಂತೆ ಇಲ್ಲ.

ಬಂದ ನೋಟಿಸು ನಿಜವೇ ಎಂದು ಮೊದಲು ನೋಡಿ. ಸೈಟಿನ ಕಾಂಟ್ಯಾಕ್ಟ್ ಫಾರ್ಮಿನ ಮೂಲಕ ‘ನೀವು ನನ್ನ ಚಿತ್ರ ಕದ್ದಿದ್ದೀರಿ, ಪುರಾವೆ ಈ ಲಿಂಕಿನಲ್ಲಿದೆ’ ಎಂದು ಬಂದರೆ ಆ ಲಿಂಕ್ ಒತ್ತಲೇಬೇಡಿ. ಇದೇ ದಾರಿಯಲ್ಲಿ ಐಸ್ಡ್‌ಐಡಿ ಎಂಬ ಮಾಲ್‌ವೇರ್ ಹರಡುತ್ತಿರುವುದನ್ನು ಮೈಕ್ರೋಸಾಫ್ಟ್ 2021ರ ಏಪ್ರಿಲಿನಲ್ಲಿ ತಿಳಿಸಿತ್ತು. ನಿಜವಾದ ನೋಟಿಸಿನಲ್ಲಿ ಯಾವ ಕೃತಿ, ನಿಮ್ಮ ಸೈಟಿನ ಯಾವ ಪುಟ, ಹಕ್ಕು ಯಾರದು, ಬರೆದವರಿಗೆ ಅಧಿಕಾರ ಹೇಗೆ ಬಂತು ಎಂಬುದು ಇರುತ್ತದೆ. ಇಲ್ಲದಿದ್ದರೆ ಕೇಳುವ ಹಕ್ಕು ನಿಮಗಿದೆ.

ನಿಜವೆಂದು ಕಂಡರೆ ಪುಟವನ್ನು ಮುಟ್ಟುವ ಮೊದಲು ದಾಖಲೆ ಮಾಡಿ. ಪೂರ್ತಿ ಪುಟದ ಸ್ಕ್ರೀನ್‌ಶಾಟ್, ಅದರಲ್ಲಿ ವಿಳಾಸ ಮತ್ತು ದಿನಾಂಕ ಕಾಣಬೇಕು. ಸರ್ವರಿನಲ್ಲಿರುವ ಮೂಲ ಫೈಲಿನ ಪ್ರತಿ. ಸೈಟಿನ ಚಿತ್ರಗಳೆಲ್ಲ ಇರುವ ಮೀಡಿಯಾ ಲೈಬ್ರರಿಯಲ್ಲಿ ಅದನ್ನು ಯಾರು, ಯಾವತ್ತು ಏರಿಸಿದರು ಎಂಬುದು. ನೋಟಿಸು ಇಮೇಲಿನಲ್ಲಿ ಬಂದಿದ್ದರೆ ಫಾರ್ವರ್ಡ್ ಮಾಡದೆ ಎಲ್ಲಿಂದ, ಯಾವ ದಾರಿಯಲ್ಲಿ ಬಂತೆಂದು ತೋರಿಸುವ ಹೆಡರ್ ಸಮೇತ ಮೂಲ ರೂಪದಲ್ಲೇ ಇಳಿಸಿಕೊಳ್ಳಿ. ಎಲ್ಲವನ್ನೂ ಒಂದು ಫೋಲ್ಡರಿಗೆ ಹಾಕಿ ಪ್ರತಿ ಫೈಲಿನ ಎಸ್‌ಎಚ್‌ಎ-256 ಹ್ಯಾಶ್ (ಫೈಲ್ ಸ್ವಲ್ಪ ಬದಲಾದರೂ ಬದಲಾಗುವ ಗುರುತಿನ ಸಂಖ್ಯೆ) ಬರೆದಿಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡಬೇಕಾದ ಪ್ರಮಾಣಪತ್ರದಲ್ಲಿ ಹ್ಯಾಶ್ ಬರೆಯಲು ಜಾಗವೇ ಇದೆ.

ಅದೇ ದಿನ ಗಿರಾಕಿಗೂ ತಿಳಿಸಬೇಕು. ಸಂಬಂಧ ಕೆಡುತ್ತದೆಂದು ಮುಚ್ಚಿಟ್ಟರೆ, ಎದುರಿನವರು ನೇರವಾಗಿ ಹೋಟೆಲಿಗೇ ಫೋನ್ ಮಾಡಿದಾಗ ಪರಿಸ್ಥಿತಿ ಕೈಮೀರುತ್ತದೆ. ಇಷ್ಟು ಬರೆದರೆ ಸಾಕು: ‘ನಮಸ್ಕಾರ ಶೆಟ್ರೇ. ನಿಮ್ಮ ಕೇಟರಿಂಗ್ ಪುಟದ ದೋಸೆ ಚಿತ್ರದ ಬಗ್ಗೆ ಇವತ್ತು ನೋಟಿಸು ಬಂದಿದೆ. ಸದ್ಯಕ್ಕೆ ಅದನ್ನು ಸೈಟಿನಿಂದ ತೆಗೆಯುತ್ತಿದ್ದೇನೆ. ನಿಮಗೆ ಆ ಚಿತ್ರ ಯಾರು ಕೊಟ್ಟದ್ದು, ಬಿಲ್ಲೇನಾದರೂ ಇದೆಯಾ ನೋಡಿ. ಅವರ ಫೋನ್ ಬಂದರೆ ದುಡ್ಡಿನ ಮಾತು ಆಡಬೇಡಿ, ಬರೆದು ಕಳಿಸಲು ಹೇಳಿ.’

ಇನ್ನು ತೆಗೆಯುವ ಕೆಲಸ. ಇಲ್ಲೇ ಹೆಚ್ಚು ಜನ ಎಡವುವುದು. ಪುಟದಿಂದ ಚಿತ್ರದ ಬ್ಲಾಕ್ ತೆಗೆದರೆ ಫೈಲ್ ಹೋಗುವುದಿಲ್ಲ. ನೇರ ವಿಳಾಸ ಹೊಡೆದರೆ ಅದು ಇನ್ನೂ ತೆರೆಯುತ್ತದೆ, ನೋಟಿಸು ಕೊಟ್ಟವರು ಮರುದಿನ ನೋಡುವುದೂ ಅದನ್ನೇ. ವರ್ಡ್‌ಪ್ರೆಸ್ ಎಂಬ ಸೈಟ್ ನಡೆಸುವ ತಂತ್ರಾಂಶ ಒಂದೇ ಚಿತ್ರದಿಂದ 150, 300, 768, 1024, 1536, 2048 ಪಿಕ್ಸೆಲಿನ ಪ್ರತಿಗಳನ್ನು ತಾನಾಗಿ ಮಾಡುತ್ತದೆ, 2560ಕ್ಕಿಂತ ದೊಡ್ಡದಿದ್ದರೆ ಕುಗ್ಗಿಸಿದ ಇನ್ನೊಂದನ್ನೂ. ಮೀಡಿಯಾ ಲೈಬ್ರರಿಯಿಂದಲೇ ಶಾಶ್ವತವಾಗಿ ಅಳಿಸಿ, ಅಪ್‌ಲೋಡ್ಸ್ ಫೋಲ್ಡರಿಗೆ ಹೋಗಿ ಫೈಲ್ ಹೆಸರಿನಿಂದ ಮತ್ತೊಮ್ಮೆ ಹುಡುಕಿ. ವೆಬ್‌ಪಿ ಪ್ರತಿ ಮಾಡುವ ಪ್ಲಗಿನ್ ಇದ್ದರೆ ಅದರ ಫೋಲ್ಡರ್ ಬೇರೆ ಇರಬಹುದು. ಕ್ಲೌಡ್‌ಫ್ಲೇರಿನಂಥ ಸೇವೆ ಬಳಸುತ್ತಿದ್ದರೆ ಅದು ಉಳಿಸಿಟ್ಟ ಪ್ರತಿಗಳನ್ನು (ಕ್ಯಾಶ್) ತೆರವು ಮಾಡಿ. ಪ್ರಯೋಗಕ್ಕಿಟ್ಟ ಸ್ಟೇಜಿಂಗ್ ಸೈಟು, ಲಿಂಕ್ ಹಂಚಿದಾಗ ಕಾಣುವ ಪ್ರಿವ್ಯೂ ಚಿತ್ರ, ನಿಮ್ಮ ಪೋರ್ಟ್‌ಫೋಲಿಯೋದಲ್ಲಿ ಹಾಕಿಕೊಂಡ ಸ್ಕ್ರೀನ್‌ಶಾಟ್ ಇವನ್ನೂ ಮರೆಯಬೇಡಿ. ಕೊನೆಗೆ ಇನ್‌ಕಾಗ್ನಿಟೊದಲ್ಲಿ ಪ್ರತಿ ವಿಳಾಸ ತೆರೆದು, ‘ಪುಟ ಸಿಗಲಿಲ್ಲ’ ಎನ್ನುವ 404 ಬರುವುದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಬೇಗ ತೆಗೆಯುವುದಕ್ಕೆ ಕಾನೂನಿನ ಕಾರಣವೂ ಇದೆ. ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ ಗೊತ್ತಿದ್ದೂ ಮಾಡಿದ ಉಲ್ಲಂಘನೆಯನ್ನು ಅಪರಾಧ ಎನ್ನುತ್ತದೆ: ಆರು ತಿಂಗಳಿಂದ ಮೂರು ವರ್ಷ ಸಜೆ, 50,000ದಿಂದ 2 ಲಕ್ಷ ರೂಪಾಯಿ ದಂಡ. ಇದು ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧವೆಂದು 2022ರಲ್ಲಿ ಸುಪ್ರೀಂ ಕೋರ್ಟ್ ನಿಟ್ ಪ್ರೊ ಪ್ರಕರಣದಲ್ಲಿ ಹೇಳಿತು. ನೋಟಿಸು ತಲುಪಿದ ಮೇಲೂ ಚಿತ್ರ ಅಲ್ಲೇ ಇದ್ದರೆ ‘ಗೊತ್ತಿರಲಿಲ್ಲ’ ಎನ್ನಲು ಬಾಯಿ ಇರುವುದಿಲ್ಲ. ಮುಗ್ಧ ಉಲ್ಲಂಘನೆಗೆ 55ನೇ ಸೆಕ್ಷನ್ ಸ್ವಲ್ಪ ರಿಯಾಯಿತಿ ಕೊಡುತ್ತದೆ ನಿಜ, ಆದರೆ ಅದಕ್ಕೆ ಆ ಕೃತಿಗೆ ಕಾಪಿರೈಟ್ ಇದೆಯೆಂದು ನಂಬಲು ಕಾರಣವೇ ಇರಲಿಲ್ಲ ಎಂದು ತೋರಿಸಬೇಕು. ಹೊಸ ಫೋಟೋ ವಿಷಯದಲ್ಲಿ ವೃತ್ತಿಪರ ಡಿಸೈನರ್ ಹಾಗೆ ಹೇಳುವುದು ಕಷ್ಟ. ‘ಅವರು ರಿಜಿಸ್ಟರ್ ಮಾಡಿಸಿಲ್ಲವಲ್ಲ’ ಎಂಬ ವಾದವೂ ಬೇಡ. ದಾವೆಗೆ ನೋಂದಣಿ ಕಡ್ಡಾಯವಲ್ಲವೆಂದು ಬಾಂಬೆ ಹೈಕೋರ್ಟ್ 2021ರ ಸಂಜಯ್ ಸೋಯಾ ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದೆ.

ಆದರೆ ಕೇಳಿದಷ್ಟು ದುಡ್ಡು ಕೊಡಬೇಕೆಂದೇನೂ ಇಲ್ಲ. ವಿದೇಶಿ ಏಜೆನ್ಸಿಗಳ ಪತ್ರಗಳಲ್ಲಿ ಕಾಣುವ 750ರಿಂದ 30,000 ಡಾಲರ್, ಉದ್ದೇಶಪೂರ್ವಕವಾದರೆ 1,50,000 ಡಾಲರ್ ಎಂಬ ಅಂಕಿಗಳು ಅಮೆರಿಕದ ಕಾನೂನಿನವು. ಅಲ್ಲೂ ಕೃತಿಯನ್ನು ಸಕಾಲದಲ್ಲಿ ನೋಂದಾಯಿಸಿರಬೇಕು. ನಮ್ಮ ಕಾಯ್ದೆಯಲ್ಲಿ ಹಾಗೆ ಮೊದಲೇ ಗೊತ್ತುಮಾಡಿದ ಪರಿಹಾರದ ಮೊತ್ತ ಇಲ್ಲ, ನಷ್ಟವನ್ನು ಅಥವಾ ನೀವು ಗಳಿಸಿದ ಲಾಭವನ್ನು ತೋರಿಸಬೇಕು. ಹಾಗಾಗಿ ಉತ್ತರದಲ್ಲಿ ಮೂಲ ಫೈಲ್, ಹಕ್ಕಿನ ದಾಖಲೆ, ಏಜೆಂಟರ ಅಧಿಕಾರಪತ್ರ, ಅದೇ ಬಗೆಯ ಬಳಕೆಗೆ ಅವರು ಹಿಂದೆ ಪಡೆದ ಲೈಸೆನ್ಸ್ ಶುಲ್ಕದ ಇನ್‌ವಾಯ್ಸ್ ಕೇಳಿ. ‘ಹೊಣೆ ಒಪ್ಪಿಕೊಳ್ಳದೆ, ಮುನ್ನೆಚ್ಚರಿಕೆಗಾಗಿ ಚಿತ್ರವನ್ನು ಇಂಥ ದಿನಾಂಕದಂದು ತೆಗೆದಿದ್ದೇವೆ’ ಎಂಬ ಒಂದು ವಾಕ್ಯ ಇರಲಿ. ಕ್ಷಮೆ, ವಿವರಣೆ, ಬಡತನ ಯಾವುದೂ ಬೇಡ.

ಚಿತ್ರ ಷರತ್ತಿನ ಮೇಲೆ ಉಚಿತವಾಗಿ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನದಾಗಿದ್ದು ಹೆಸರು ಹಾಕಲು ಮರೆತಿದ್ದರೆ ಲೈಸೆನ್ಸಿನ ಆವೃತ್ತಿ ನೋಡಿ. 4.0 ಆದರೆ ತಪ್ಪು ತಿಳಿದ 30 ದಿನದೊಳಗೆ ಸರಿಪಡಿಸಿದರೆ ಬಳಕೆಯ ಹಕ್ಕು ಮರಳುತ್ತದೆ, ಅಲ್ಲಿಯವರೆಗಿನದಕ್ಕೆ ಕೇಳುವ ಹಕ್ಕು ಅವರಿಗೆ ಉಳಿದಿರುತ್ತದೆ. 2.0 ಮತ್ತು 3.0ರಲ್ಲಿ ಆ ಅವಕಾಶ ಇಲ್ಲ, ಷರತ್ತು ಮುರಿದ ಕೂಡಲೇ ಲೈಸೆನ್ಸ್ ಮುಗಿಯುತ್ತದೆ.

ತಪ್ಪು ನಿಮ್ಮದೇ ಎಂದು ಖಾತ್ರಿಯಾದರೆ ರಾಜಿಯೇ ಒಳ್ಳೆಯದು, ಆದರೆ ಬರಹದಲ್ಲಿ. ಚಿತ್ರ, ಪುಟದ ವಿಳಾಸ, ಬಳಸಿದ ಅವಧಿ ನಮೂದಾಗಿ, ನಿಮ್ಮ ಜೊತೆ ಗಿರಾಕಿಯ ಮೇಲೂ ಮುಂದೆ ಕ್ರಮ ಇಲ್ಲವೆಂದು ಬರೆದು ಸಹಿ ಆದಮೇಲೆ ಬ್ಯಾಂಕಿನ ಮೂಲಕ ಹಣ ಕೊಡಿ. ಗಿರಾಕಿಯನ್ನು ಬಿಟ್ಟು ಬರೆದರೆ ಅದೇ ಚಿತ್ರಕ್ಕೆ ಹೋಟೆಲಿನವರ ಹತ್ತಿರ ಮತ್ತೆ ಕೇಳಬಹುದು.

ದೂರು ಅಮೆರಿಕದ ಹೋಸ್ಟಿಂಗ್ ಕಂಪನಿಗೆ ಡಿಎಂಸಿಎ ಎಂಬ ಅಲ್ಲಿನ ಕಾಪಿರೈಟ್ ಕಾನೂನಿನ ಮೂಲಕ ಹೋಗಿದ್ದರೆ ದಾರಿ ಬೇರೆ. ನಿಮ್ಮ ಬಳಿ ಲೈಸೆನ್ಸ್ ಇದ್ದರೆ ಕೌಂಟರ್ ನೋಟಿಸ್, ಅಂದರೆ ದೂರಿಗೆ ಪ್ರತಿ ನೋಟಿಸು, ಕೊಡಬಹುದು. ದೂರುದಾರರು ಕೋರ್ಟಿಗೆ ಹೋಗದಿದ್ದರೆ 10ರಿಂದ 14 ಕೆಲಸದ ದಿನಗಳಲ್ಲಿ ಕಂಪನಿ ತೆಗೆದ ಪುಟ ಮರಳುತ್ತದೆ. ಆದರೆ ಅದರಲ್ಲಿ ಸುಳ್ಳು ಹೇಳಿದರೆ ಶಿಕ್ಷೆಗೆ ಒಳಪಡುವ ಹೇಳಿಕೆಯೂ ಅಲ್ಲಿನ ಕೋರ್ಟಿನ ವ್ಯಾಪ್ತಿಗೆ ಒಪ್ಪಿಗೆಯೂ ಇರುತ್ತವೆ. ರಸೀದಿ ಕೈಯಲ್ಲಿಲ್ಲದೆ ಅದಕ್ಕೆ ಸಹಿ ಹಾಕಬೇಡಿ.

ಇವೆಲ್ಲ ಸುಲಭವಾಗುವುದು ಪ್ರತಿ ಸೈಟಿಗೂ ಒಂದು ಶೀಟ್ ಇದ್ದಾಗ: ಫೈಲ್ ಹೆಸರು, ಎಲ್ಲಿಂದ ಬಂತು, ಯಾರು ಕೊಟ್ಟರು, ಲೈಸೆನ್ಸಿನ ಬಗೆ, ಇಳಿಸಿದ ದಿನಾಂಕ, ರಸೀದಿಯ ಲಿಂಕ್. ಅಂದಿನ ಲೈಸೆನ್ಸ್ ಪುಟವನ್ನೂ ಪಿಡಿಎಫ್ ಮಾಡಿಡಿ, ಷರತ್ತುಗಳು ಬದಲಾಗುತ್ತವೆ. ಗಿರಾಕಿ ಕೊಟ್ಟ ಸಾಮಗ್ರಿಯ ಹೊಣೆ ಗಿರಾಕಿಯದು, ನೀವು ತಂದದ್ದರ ಹೊಣೆ ನಿಮ್ಮದು, ಅದೂ ಪಡೆದ ಸಂಭಾವನೆಯ ಮಿತಿಯಲ್ಲಿ ಎಂದು ಕೊಟೇಶನ್ನಿನಲ್ಲೇ ಬರೆಯಿರಿ. ಮೂರನೆಯವರ ದಾವೆಯನ್ನು ಇದು ತಡೆಯುವುದಿಲ್ಲ. ದುಡ್ಡು ಯಾರ ಜೇಬಿನಿಂದ ಎಂಬುದು ಮಾತ್ರ ಇದರಿಂದ ಇತ್ಯರ್ಥವಾಗುತ್ತದೆ.

ಕೋರ್ಟಿನ ಸಮನ್ಸ್ ಅಥವಾ ಠಾಣೆಯ ಕರೆ ಬಂದರೆ ತಡಮಾಡದೆ ವಕೀಲರ ಬಳಿ ಹೋಗಿ. ದಾವೆ ಬರುವ ಸೂಚನೆ ನೋಟಿಸಿನಲ್ಲೇ ಇದ್ದರೆ, ನಿಮ್ಮ ಮಾತು ಕೇಳದೆ ತಡೆಯಾಜ್ಞೆ ಆಗದಂತೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಅಡಿ ಕೇವಿಯಟ್, ಅಂದರೆ ಕೋರ್ಟಿಗೆ ಮುಂಚಿತ ಅರ್ಜಿ, ಹಾಕಿಸಬಹುದು. ಕಾಪಿರೈಟ್ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ಎದುರಿನವರು ತಮ್ಮ ಊರಿನಲ್ಲೇ ದಾವೆ ಹೂಡಬಹುದಾದ್ದರಿಂದ, ಅವರು ಬೆಂಗಳೂರಿನವರಾದರೆ ಪುಣೆಯ ಡಿಸೈನರ್ ಬೆಂಗಳೂರಿನಲ್ಲಿ ಕೇವಿಯಟ್ ಹಾಕಬೇಕಾದೀತು. ಅದರ ಅವಧಿ 90 ದಿನ. ತಕರಾರು ಮುಗಿದಿರದಿದ್ದರೆ ಮತ್ತೆ ಹಾಕಬೇಕು.