ಶುಶ್ರೂಷೆ ಎಂದರೆ ಕೇಳುವ ಆಸೆ: ರೋಗಿಯ ಹಾಸಿಗೆಯ ಬಳಿ ಅಧ್ಯಾತ್ಮ ಬಂದ ದಾರಿ

‘ಶುಶ್ರೂಷೆ’ ಎಂಬ ಪದದ ಬೇರಿನಲ್ಲಿರುವುದು ‘ಶ್ರು’ ಧಾತು. ಅದರ ಮೊದಲ ಅರ್ಥ, ಕೇಳಬೇಕೆಂಬ ಇಚ್ಛೆ. ಸೇವೆ, ಆರೈಕೆ ಎಂಬ ಅರ್ಥಗಳು ಆಮೇಲೆ ಕೂಡಿಕೊಂಡವು. ರೋಗಿಯ ಆಧ್ಯಾತ್ಮಿಕ ಆರೈಕೆ ಹೇಗಿರಬೇಕೆಂಬ ಚರ್ಚೆ ಎಷ್ಟೋ ಸುತ್ತು ಹಾಕಿ ಇವತ್ತು ಬಂದು ನಿಂತಿರುವುದೂ ಈ ಮೊದಲ ಅರ್ಥದ ಪಕ್ಕದಲ್ಲೇ. ರೋಗಿ ಯಾವುದನ್ನು ಹಿಡಿದುಕೊಂಡು ಕಾಯಿಲೆಯನ್ನು ತಾಳಿಕೊಳ್ಳುತ್ತಿದ್ದಾನೆ ಎಂದು ಕೇಳಿ ತಿಳಿಯುವುದು, ಆ ಹಿಡಿತ ಆಸ್ಪತ್ರೆಯ ಗಡಿಬಿಡಿಯಲ್ಲಿ ಜಾರದಂತೆ ನೋಡಿಕೊಳ್ಳುವುದು ನರ್ಸ್ ಕೆಲಸ. ದೇವರನ್ನು ನಂಬದವರಿಗೂ ಇಂಥ ಹಿಡಿತವೊಂದು ಇರುತ್ತದೆ: ಮಕ್ಕಳು, ಮಾಡಿದ ಕೆಲಸ, ಸಂಗೀತ, ತೀರಿಸಬೇಕಾದ ಒಂದು ಋಣ.

ಹಳೆಯ ಕಾಲದಲ್ಲಿ ಆರೈಕೆಯೂ ಧರ್ಮವೂ ಬೇರೆಬೇರೆ ಆಗಿರಲಿಲ್ಲ. ಬೌದ್ಧ ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕದಲ್ಲಿ, ಅತಿಸಾರವಾಗಿ ತನ್ನದೇ ಹೊಲಸಿನಲ್ಲಿ ಬಿದ್ದಿದ್ದ ಭಿಕ್ಷುವೊಬ್ಬನನ್ನು ಬುದ್ಧ ತನ್ನ ಶಿಷ್ಯ ಆನಂದನ ಜೊತೆ ಸೇರಿ ತೊಳೆದು ಮಂಚದ ಮೇಲೆ ಮಲಗಿಸಿದ ಪ್ರಸಂಗವಿದೆ. ಅಲ್ಲಿಯೇ ಒಳ್ಳೆಯ ಆರೈಕೆಗಾರನ ಐದು ಗುಣಗಳನ್ನೂ ಹೇಳಿದೆ. ಔಷಧ ಸಿದ್ಧಮಾಡಲು ಬರಬೇಕು. ಪಥ್ಯ ಅಪಥ್ಯ ಗೊತ್ತಿರಬೇಕು. ಲಾಭದ ಆಸೆಯಿಲ್ಲದೆ ಮೈತ್ರಿಯಿಂದ ನೋಡಿಕೊಳ್ಳಬೇಕು. ಮಲ, ಮೂತ್ರ, ವಾಂತಿ, ಕಫ ಎತ್ತಲು ಹೇಸಬಾರದು. ಕಾಲಕಾಲಕ್ಕೆ ಧರ್ಮದ ಮಾತಿನಿಂದ ರೋಗಿಗೆ ಧೈರ್ಯ ತುಂಬಬೇಕು. ಮಾತಿನ ಸರದಿ ಬರುವುದು ಕೊನೆಯಲ್ಲಿ, ಮೈ ತೊಳೆದಾದ ಮೇಲೆ. ಈ ಕ್ರಮದ ಬೆಲೆ ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಚರಕಸಂಹಿತೆ ಪರಿಚಾರಕನಿಗೆ ಹೇಳುವ ನಾಲ್ಕು ಗುಣಗಳಲ್ಲಿ ಉಪಚಾರದ ಜ್ಞಾನ, ದಕ್ಷತೆ, ಶುಚಿತ್ವದ ಜೊತೆಗೆ ರೋಗಿಯ ಮೇಲಿನ ಅನುರಾಗವೂ ಸೇರಿದೆ.

ಕ್ರೈಸ್ತ ಜಗತ್ತಿನಲ್ಲಿ ಶತಮಾನಗಳ ಕಾಲ ಆರೈಕೆ ಮಠಗಳ, ಸನ್ಯಾಸಿನಿಯರ ಕೈಯಲ್ಲಿತ್ತು. 4ನೇ ಶತಮಾನದಲ್ಲಿ ಬಿಷಪ್ ಬೆಸಿಲ್ ಇಂದಿನ ಟರ್ಕಿಯ ಸಿಸೇರಿಯಾದಲ್ಲಿ ಕಟ್ಟಿಸಿದ ಆಸ್ಪತ್ರೆ, 1633ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ‘ಡಾಟರ್ಸ್ ಆಫ್ ಚಾರಿಟಿ’, 1836ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಶುರುವಾದ ಡೀಕನೆಸ್ (ಚರ್ಚಿನ ಸೇವಕಿಯರ) ಸಂಸ್ಥೆ, ಎಲ್ಲವೂ ಈ ಪರಂಪರೆಯವೇ. ಇದರಿಂದ ಬಡವರಿಗೆ ಹಾಸಿಗೆ, ಗಂಜಿ, ಶುಚಿತ್ವ ಸಿಕ್ಕಿತು. ಆದರೆ ಮಲಗಿದ ರೋಗಿ ಎದ್ದು ಹೋಗಲಾರ. ಅವನ ಮುಂದೆ ನಿಂತು ಯಾರು ಏನನ್ನು ಬೋಧಿಸಿದರೂ ಕೇಳಲೇಬೇಕು.

ಈ ತೊಡಕು ಬಹಿರಂಗ ಜಗಳವಾದದ್ದು ಕ್ರಿಮಿಯಾ ಯುದ್ಧದಲ್ಲಿ. 1854ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಕರೆದೊಯ್ದ 38 ಮಂದಿಯಲ್ಲಿ ಕ್ಯಾಥೊಲಿಕ್ ಸನ್ಯಾಸಿನಿಯರೂ ಆಂಗ್ಲಿಕನ್ ಸಹೋದರಿಯರೂ ಸಂಬಳದ ನರ್ಸ್‌ಗಳೂ ಇದ್ದರು. ಗಾಯಗೊಂಡ ಸೈನಿಕರನ್ನು ಯಾರು ಯಾವ ಪಂಥಕ್ಕೆ ಸೆಳೆಯುತ್ತಿದ್ದಾರೆ ಎಂಬ ಆರೋಪಗಳು ಲಂಡನ್ನಿನವರೆಗೂ ಹೋದವು. ನೈಟಿಂಗೇಲ್ ಸ್ವತಃ ಆಳವಾದ ದೈವಭಕ್ತೆ. 1837ರಲ್ಲಿ ತನಗೆ ದೇವರ ಕರೆ ಬಂತೆಂದು ಬರೆದುಕೊಂಡವರು, 1851ರಲ್ಲಿ ಕೈಸರ್ಸ್‌ವರ್ತ್‌ನಲ್ಲೇ ತರಬೇತಿ ಪಡೆದವರು. ಆದರೂ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನಲ್ಲಿ ಶುರುವಾದ ಶಾಲೆ ಯಾವ ಪಂಥಕ್ಕೂ ಸೇರಲಿಲ್ಲ. ‘ಎಲ್ಲ ಸರಿಹೋಗುತ್ತೆ ಬಿಡಿ’ ಎಂದು ರೋಗಿಗೆ ಪೊಳ್ಳು ಭರವಸೆ ಕೊಡುವವರ ವಿರುದ್ಧ ಅವರು ತಮ್ಮ ‘ನೋಟ್ಸ್ ಆನ್ ನರ್ಸಿಂಗ್’ ಪುಸ್ತಕದಲ್ಲಿ ಒಂದು ಅಧ್ಯಾಯವನ್ನೇ ಬರೆದರು. ಇವತ್ತಿನ ವಿದ್ಯಾರ್ಥಿಗಳಿಗೆ ಆ ಅಧ್ಯಾಯವನ್ನು ಓದಿಸಲೇಬೇಕು ಎಂಬುದು ನಮ್ಮ ಅಭಿಪ್ರಾಯ.

20ನೇ ಶತಮಾನದಲ್ಲಿ ವಿಜ್ಞಾನ ಮುಂದೆ ಬಂದಂತೆ ಅಧ್ಯಾತ್ಮ ದಾಖಲಾತಿ ಅರ್ಜಿಯ ‘ಧರ್ಮ’ ಎಂಬ ಒಂದು ಕಾಲಮ್ಮಿಗೆ ಇಳಿಯಿತು. ಪೂರ್ತಿ ಮರೆಯಾಗಲಿಲ್ಲ: ಅಮೆರಿಕದ ನರ್ಸ್ ವರ್ಜೀನಿಯಾ ಹೆಂಡರ್ಸನ್ ಪಟ್ಟಿಮಾಡಿದ ಶುಶ್ರೂಷೆಯ 14 ಅಂಶಗಳಲ್ಲಿ, ಉಸಿರಾಟ, ಆಹಾರ, ನಿದ್ರೆಯ ಸಾಲಿನಲ್ಲೇ, ತನ್ನ ನಂಬಿಕೆಯಂತೆ ಆರಾಧಿಸಲು ನೆರವಾಗುವುದು 11ನೆಯದು. ನಿಜವಾದ ತಿರುವು ಬಂದದ್ದು ಸಾಯುತ್ತಿರುವವರ ಆರೈಕೆಯಿಂದ. ನರ್ಸ್ ಆಗಿದ್ದು ಆಮೇಲೆ ವೈದ್ಯೆಯಾದ ಸಿಸಿಲಿ ಸಾಂಡರ್ಸ್, ನೋವಿಗೆ ದೇಹದ, ಮನಸ್ಸಿನ, ಸಾಮಾಜಿಕ ಬದುಕಿನ, ಆತ್ಮದ ನಾಲ್ಕು ಮುಖಗಳಿವೆ ಎಂದರು. ಅದನ್ನು ‘ಸಮಗ್ರ ನೋವು’ ಎಂದು ಕರೆದರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಸಾಯುತ್ತಿರುವವರ ಆರೈಕೆಯ ಮನೆ) ತೆರೆದರು. ಮಾರ್ಫಿನ್ ಡೋಸ್ ಏರಿಸುತ್ತ ಹೋದರೂ ತಗ್ಗದ ನೋವು ಕೆಲವೊಮ್ಮೆ ಹೇಳಲಾರದ ಭಯದ್ದು, ಪಶ್ಚಾತ್ತಾಪದ್ದು ಎಂಬುದು ಅಲ್ಲಿಂದ ವೈದ್ಯಕೀಯದ ಮಾತಾಯಿತು. 1978ರಲ್ಲಿ ನರ್ಸ್‌ಗಳು ರೋಗಿಯಲ್ಲಿ ಗುರುತಿಸಬೇಕಾದ ತೊಂದರೆಗಳನ್ನು ಹೆಸರಿಸುವ ಅಮೆರಿಕದ ಶುಶ್ರೂಷಾ ರೋಗನಿರ್ಣಯ ಪಟ್ಟಿಗೆ ‘ಆಧ್ಯಾತ್ಮಿಕ ಸಂಕಟ’ ಸೇರಿತು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಉಪಶಾಮಕ ಆರೈಕೆಯ (ಗಂಭೀರ ಕಾಯಿಲೆಯವರ ಸಂಕಟ ತಗ್ಗಿಸುವ ಆರೈಕೆಯ) ವ್ಯಾಖ್ಯೆಯಲ್ಲಿ ಈ ಮುಖವನ್ನೂ ಹೆಸರಿಸಿತು.

ಪ್ರಾರ್ಥನೆಯಿಂದ ಕಾಯಿಲೆ ವಾಸಿಯಾಗುತ್ತದೆಯೇ ಎಂಬ ಪ್ರಶ್ನೆಯನ್ನು ಇದರ ಜೊತೆ ಬೆರೆಸಬಾರದು. ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಪರಿಚಿತರ ಪ್ರಾರ್ಥನೆಯಿಂದ ಲಾಭ ಕಾಣಲಿಲ್ಲ. ತಮಗಾಗಿ ಪ್ರಾರ್ಥಿಸುತ್ತಿದ್ದಾರೆಂದು ಗೊತ್ತಿದ್ದವರಲ್ಲಿ ತೊಡಕುಗಳು ಶೇ 59. ಪ್ರಾರ್ಥಿಸುತ್ತಾರೋ ಇಲ್ಲವೋ ಗೊತ್ತಿಲ್ಲದೆ ಪ್ರಾರ್ಥನೆ ಪಡೆದವರಲ್ಲಿ ಶೇ 52. ಇನ್ನೊಂದೆಡೆ, ಮುಂದುವರಿದ ಕ್ಯಾನ್ಸರ್ ರೋಗಿಗಳ ಬಗ್ಗೆ 2010ರಲ್ಲಿ ಬಂದ ಅಧ್ಯಯನದಲ್ಲಿ, ಆಧ್ಯಾತ್ಮಿಕ ಅಗತ್ಯಗಳಿಗೆ ಚಿಕಿತ್ಸಾ ತಂಡದಿಂದಲೇ ಬೆಂಬಲ ಸಿಕ್ಕವರು ಹಾಸ್ಪಿಸ್ ಆರೈಕೆಯನ್ನು ಹೆಚ್ಚಾಗಿ ಪಡೆದಿದ್ದರು. ಬೆಲೆ ಇರುವುದು ವಿಚಾರಿಸಿ ನೆರವಾಗುವುದಕ್ಕೆ.

ವಿಚಾರಿಸಲು ಹೆಚ್ಚು ಬಳಕೆಯಲ್ಲಿರುವ ಕ್ರಮ ‘ಫೀಕಾ’, 1996ರಲ್ಲಿ ವೈದ್ಯೆ ಕ್ರಿಸ್ಟಿನಾ ಪುಹಾಲ್ಸ್ಕಿ ರೂಪಿಸಿದ್ದು. ನಾಲ್ಕೇ ಪ್ರಶ್ನೆ. ಕಷ್ಟ ಬಂದಾಗ ನಿಮಗೆ ಬಲ ಕೊಡುವ ನಂಬಿಕೆ ಅಥವಾ ವಿಚಾರ ಯಾವುದು? ಚಿಕಿತ್ಸೆಯ ತೀರ್ಮಾನಗಳಲ್ಲಿ ಅದರ ಪಾತ್ರ ಎಷ್ಟು? ಅದನ್ನು ಹಂಚಿಕೊಳ್ಳುವ ಬಳಗವಿದೆಯೇ? ನಾವು ಇಲ್ಲಿ ಏನು ಮಾಡಿಕೊಡಬೇಕು? ಕೆಲವೇ ನಿಮಿಷ ಸಾಕು, ಆದರೆ ಸಮಯ ನೋಡಿ ಕೇಳಬೇಕು. ನೋವಿನ ಅಳತೆ 10ಕ್ಕೆ 8 ಇರುವಾಗ ಕೇಳಬಾರದು. ಮೊದಲು ನೋವಿನ ಔಷಧ, ಅದು ಹಿಡಿದ ಮೇಲೆ ಮಾತು. ನೆಂಟರ ಎದುರಿಗೂ ಬೇಡ. ತನ್ನ ಮನೆತನದ ನಂಬಿಕೆ ಬಿಟ್ಟವನು ಅಲ್ಲಿ ಸುಳ್ಳು ಹೇಳುತ್ತಾನೆ. ಕುಳಿತು, ರೋಗಿಯ ಕಣ್ಣಿನ ಮಟ್ಟಕ್ಕೆ ಬಂದು ಕೇಳಬೇಕು. ‘ನಿಮ್ಮ ಧರ್ಮ ಯಾವುದು’ ಎಂದು ಶುರುಮಾಡಿದರೆ ಒಂದೇ ಪದದ ಉತ್ತರ ಬರುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ.

ಸಂಕಟದ ಗುರುತುಗಳು ಹೆಚ್ಚಾಗಿ ರಾತ್ರಿ ಪಾಳಿಯಲ್ಲಿ ಕಾಣುತ್ತವೆ. ‘ನನಗೇ ಯಾಕೆ’, ‘ಇದು ನನಗೆ ಬಂದ ಶಿಕ್ಷೆ’ ಎಂಬ ಮಾತು. ದಿನವೂ ಮಾಡುತ್ತಿದ್ದ ಪ್ರಾರ್ಥನೆಯನ್ನು ಒಮ್ಮೆಲೇ ಬಿಡುವುದು. ಬಂದವರನ್ನು ನೋಡಲು ಒಲ್ಲೆ ಎನ್ನುವುದು. ಆಗ ಉತ್ತರ ಕೊಡಲು ಹೊರಟು ‘ದೇವರಿಚ್ಛೆ’ ಎಂದರೆ ಬಾಗಿಲು ಮುಚ್ಚಿದ ಹಾಗೆ. ‘ಶಿಕ್ಷೆ ಅಂದಿರಿ, ಅದರ ಬಗ್ಗೆ ಇನ್ನಷ್ಟು ಹೇಳ್ತೀರಾ’ ಎಂದು ಅವರ ಪದವನ್ನೇ ಮರಳಿಸಿ ಸುಮ್ಮನಿರಬೇಕು. ಈ ಮೌನ ತುಂಬ ಕಷ್ಟ, ಅಭ್ಯಾಸದಿಂದ ಮಾತ್ರ ಬರುತ್ತದೆ. ಊಟ, ನಿದ್ರೆ, ಆಸಕ್ತಿ ಎಲ್ಲವೂ ಕುಸಿದಿದ್ದರೆ ಖಿನ್ನತೆ ಇದೆಯೇ ನೋಡಬೇಕು. ಬದುಕು ಸಾಕೆಂದರೆ, ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ, ಒಬ್ಬರನ್ನೇ ಬಿಡದೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಗಳಿಗೆಗೊಂದು ರೀತಿ ಮಾತಾಡುತ್ತ ಯಾರನ್ನೋ ಕಂಡೆ ಎನ್ನುವವರಲ್ಲಿ ಸೋಂಕು, ಆಮ್ಲಜನಕದ ಕೊರತೆ, ಔಷಧದಿಂದಾದ ಬುದ್ಧಿಭ್ರಮೆ ಇಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು.

ದಿನನಿತ್ಯದ ತೊಡಕುಗಳು ಇನ್ನೂ ಸಣ್ಣವು, ಆದರೆ ಅವೇ ಹೆಚ್ಚು ನೋಯಿಸುತ್ತವೆ. ಮೈಮೇಲಿನ ದಾರವನ್ನೋ ತಾಯಿತವನ್ನೋ ಶಸ್ತ್ರಚಿಕಿತ್ಸೆಗೆ ಮುನ್ನ ಹೇಳದೆ ಕತ್ತರಿಸಬಾರದು. ಲೋಹವಿಲ್ಲದಿದ್ದರೆ, ಗಾಯದ ಜಾಗದಿಂದ ದೂರವಿದ್ದರೆ, ಶಸ್ತ್ರಚಿಕಿತ್ಸಾ ತಂಡ ಒಪ್ಪಿದರೆ ಟೇಪಿನಿಂದ ಭದ್ರಪಡಿಸಬಹುದು. ತೆಗೆಯಲೇಬೇಕಾದರೆ ಕಾರಣ ಹೇಳಿ, ಅನುಮತಿ ಪಡೆದು, ಹೆಸರು ಬರೆದ ಚೀಲದಲ್ಲಿಟ್ಟು, ಎಚ್ಚರವಾದ ಕೂಡಲೇ ಮರಳಿಸಬೇಕು. ಆಮ್ಲಜನಕ ಹರಿಯುವ ಕಡೆ ದೀಪ, ಧೂಪ ಬೇಡ. ಬ್ಯಾಟರಿ ದೀಪಕ್ಕೆ ಬಹಳ ಮಂದಿ ಒಪ್ಪುತ್ತಾರೆ. ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸ ಹಿಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೈದರೆ ಮುಚ್ಚಿಟ್ಟು ಮಾಡುತ್ತಾರೆ. ಮೊದಲೇ ಕೇಳಿದರೆ ಡೋಸ್, ವೇಳೆ ಬದಲಿಸಲು ವೈದ್ಯರಿಗೆ ಅವಕಾಶ ಸಿಗುತ್ತದೆ.

ನರ್ಸ್ ತಾನಾಗಿಯೇ ಪ್ರಾರ್ಥನೆಗೆ ಕರೆಯಬಾರದು. ನೋವಿನ ಇಂಜೆಕ್ಷನ್ ಕೊಡುವ ಕೈಯೇ ಕರೆದಾಗ ಬೇಡ ಎನ್ನಲು ರೋಗಿಗೆ ಧೈರ್ಯ ಬರುವುದಿಲ್ಲ. ರೋಗಿಯೇ ಕೇಳಿದರೆ ಪಕ್ಕದಲ್ಲಿ ಸುಮ್ಮನೆ ನಿಲ್ಲಬಹುದು. ತನ್ನ ಮನಸ್ಸು ಒಪ್ಪದಿದ್ದರೆ ಅವರ ಬಳಗದವರನ್ನೋ ಆಸ್ಪತ್ರೆಯ ಧಾರ್ಮಿಕ ಸಲಹೆಗಾರರನ್ನೋ ಕರೆಸಬಹುದು.

ಬರೆದಿಡದಿದ್ದರೆ ಇದೆಲ್ಲ ಪಾಳಿ ಬದಲಾದಾಗ ಕಳೆದುಹೋಗುತ್ತದೆ. ‘ಆಧ್ಯಾತ್ಮಿಕ ಬೆಂಬಲ ನೀಡಲಾಗಿದೆ’ ಎಂಬ ಸಾಲಿನಿಂದ ಮುಂದಿನ ಪಾಳಿಯವರಿಗೆ ಏನೂ ತಿಳಿಯದು. ರೋಗಿಯ ಮಾತು ಅವರದೇ ಪದಗಳಲ್ಲಿ, ಏನು ಮಾಡಬೇಕು, ಯಾರು, ಯಾವಾಗ, ಇಷ್ಟು ಬರೆಯಬೇಕು: ‘ಬೆಳಗಿನ ಪ್ರಾರ್ಥನೆಗೆ 10 ನಿಮಿಷ, ಆಗ ಡ್ರೆಸಿಂಗ್ ಬೇಡ’. ನಂಬಿ ತೋಡಿಕೊಂಡ ಹಳೆಯ ತಪ್ಪುಗಳ ವಿವರ ಫೈಲಿಗೆ ಹೋಗಬಾರದು. ದಾಖಲಾದ ದಿನದ ಉತ್ತರವೇ ಕೊನೆಯವರೆಗೂ ನಿಲ್ಲುವುದಿಲ್ಲ. ಬಯಾಪ್ಸಿ ಫಲಿತಾಂಶ ಬಂದಾಗ, ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ, ವಾಸಿಮಾಡುವ ಚಿಕಿತ್ಸೆ ನಿಲ್ಲಿಸುವ ತೀರ್ಮಾನವಾದಾಗ ಅದೇ ನಾಲ್ಕು ಪ್ರಶ್ನೆಗಳನ್ನು ಮತ್ತೆ ಕೇಳಬೇಕು.